ಕೊಲೆಗಾರ ಸಿಗಲಿಲ್ಲ, ಆರೋಪಿ ಬಿಡುಗಡೆಯಾದ: ಉಳಿದ ಹೊಣೆ ಯಾರದು?

ಕೊಲೆಯೊಂದು ನಡೆದಾಗ ಊರಿನ ಕಣ್ಣು ಮೊದಲು ಬೀಳುವುದು ಸತ್ತವನ ಗೆಳೆಯನ ಮೇಲೆ. ಕೊನೆಯದಾಗಿ ಜೊತೆಗಿದ್ದವನು ಅವನು. ಕೊನೆಯ ಫೋನ್ ಕರೆ ಹೋದದ್ದೂ ಅವನಿಗೆ. ಬಂಧನವಾಗುತ್ತದೆ, ಪತ್ರಿಕೆಯಲ್ಲಿ ಭಾವಚಿತ್ರ ಅಚ್ಚಾಗುತ್ತದೆ, ಗೆಳೆಯನೇ ಕೊಂದನೆಂಬ ಮಾತು ಸಂಜೆಯೊಳಗೆ ಮನೆಮನೆ ತಲಪುತ್ತದೆ. ವರ್ಷಗಳು ಉರುಳಿದ ಮೇಲೆ ನ್ಯಾಯಾಲಯವು ಆರೋಪ ಸಾಬೀತಾಗಿಲ್ಲವೆಂದು ಅವನನ್ನು ಬಿಡುಗಡೆ ಮಾಡುತ್ತದೆ. ಅಲ್ಲಿಗೆ ಮೊಕದ್ದಮೆ ಮುಗಿಯಿತೆಂದು ಕಡತ ಮುಚ್ಚುತ್ತದೆ. ಆದರೆ ಮೂವರ ಪಾಲಿಗೆ ಅದು ಮುಗಿದಿರುವುದಿಲ್ಲ. ನನ್ನ ಮಗನನ್ನು ಕೊಂದವರಾರು ಎಂದು ಕೇಳುವ ತಾಯಿಗೆ ಉತ್ತರ ಸಿಕ್ಕಿರುವುದಿಲ್ಲ. ಬಿಡುಗಡೆಯಾದವನ ಹೆಸರಿಗೆ ಅಂಟಿದ ಮಸಿ ಅಳಿದಿರುವುದಿಲ್ಲ. ನಿಜವಾದ ಕೊಲೆಗಾರನು ನಮ್ಮ ನಡುವೆಯೇ ಎಲ್ಲೋ ನಿಶ್ಚಿಂತೆಯಿಂದ ಓಡಾಡುತ್ತಿರುತ್ತಾನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂಥ ನಮ್ಮ ಊರುಗಳಲ್ಲಿ ಈ ಮಾತು ಇನ್ನೂ ಗಾಢವಾಗಿ ತಟ್ಟುತ್ತದೆ. ಕೃಷ್ಣೆ ಮತ್ತು ಘಟಪ್ರಭೆಯ ನೀರಿನಿಂದ ಬೆಳೆದ ಕಬ್ಬಿನ ಹೊಲಗಳು, ನೇಕಾರರ ಮಗ್ಗಗಳು, ವಾರದ ಸಂತೆಗಳು ಇಲ್ಲಿಯ ಎಲ್ಲ ಸಮುದಾಯಗಳನ್ನೂ ಒಂದೇ ದುಡಿಮೆಯಲ್ಲಿ ಬೆಸೆದಿವೆ. ಇಂಥ ಊರಿನಲ್ಲಿ ಸತ್ತವನ ಕುಟುಂಬವನ್ನೂ ಆರೋಪಿಯ ಕುಟುಂಬವನ್ನೂ ಬಲ್ಲವರು ನಾವೇ. ಇಬ್ಬರಿಗೂ ಮುಖ ತೋರಿಸಿ ಬಾಳಬೇಕಾದವರೂ ನಾವೇ. ಆದುದರಿಂದ ನ್ಯಾಯಾಲಯದ ಕೆಲಸ ಮುಗಿದ ಮೇಲೆ ನಮ್ಮ ಕೆಲಸವೇನು ಎಂಬುದನ್ನು ದೀನ್‌ನ ಬೆಳಕಿನಲ್ಲಿ ಆಲೋಚಿಸುವುದು ಅಗತ್ಯ.

ನಮ್ಮ ರಾಜ್ಯದ ಎರಡು ಪ್ರಕರಣಗಳನ್ನು ನೋಡೋಣ. ಎರಡರಲ್ಲೂ ಆರೋಪಿ ಗೆಳೆಯನಲ್ಲ. ಆದರೆ ಪಾಠ ಅದೇ. 2012ರ ಅಕ್ಟೋಬರ್ 9ರಂದು ಉಜಿರೆಯ ಕಾಲೇಜಿನಿಂದ ಧರ್ಮಸ್ಥಳದ ತನ್ನ ಮನೆಗೆ ಮರಳುತ್ತಿದ್ದ 17 ವರ್ಷದ ವಿದ್ಯಾರ್ಥಿನಿ ಕಾಣೆಯಾದಳು. ಮರುದಿನ ಅವಳ ಶವ ಸಿಕ್ಕಿತು. ಅತ್ಯಾಚಾರವೆಸಗಿ ಕೊಲ್ಲಲಾಗಿತ್ತು. ಒಂದೆರಡು ದಿನಗಳಲ್ಲೇ ಒಬ್ಬ ವ್ಯಕ್ತಿಯ ಬಂಧನವಾಯಿತು. ತನಿಖೆಯು ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ಹೋಯಿತು. ಹತ್ತು ವರ್ಷಗಳಿಗೂ ಮಿಕ್ಕಿ ಕಾಲ ಕಳೆದ ಮೇಲೆ, 2023ರ ಜೂನ್ 16ರಂದು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯವು ಆ ಏಕೈಕ ಆರೋಪಿಯನ್ನು ಬಿಡುಗಡೆ ಮಾಡಿತು. ಹಾಗಾದರೆ ಕೊಂದವರಾರು? ಬೀದಿಗಿಳಿದ ಸಾವಿರಾರು ಜನರು ಕೇಳಿದ್ದು ಇದನ್ನೇ. ಆರಂಭದ ದಿನಗಳಲ್ಲಿ ಕೈತಪ್ಪಿದ ಸಾಕ್ಷ್ಯವನ್ನು ಹತ್ತು ವರ್ಷಗಳ ನಂತರ ಯಾವ ಸಂಸ್ಥೆಯೂ ಮರಳಿ ತರಲಾರದು.

ಎರಡನೆಯದು ಮೈಸೂರಿನ ನ್ಯಾಯಾಲಯದ್ದು. ಕುಶಾಲನಗರದ ಸಮೀಪದ ಹಾಡಿಯೊಂದರ ಆದಿವಾಸಿ ಕೂಲಿಕಾರನು ತನ್ನ ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟಿದ್ದನು. ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ತೀರ್ಮಾನಿಸಿ, ದೂರು ಕೊಟ್ಟ ಗಂಡನನ್ನೇ ಕೊಲೆಗಾರನೆಂದು ಜೈಲಿಗೆ ಅಟ್ಟಲಾಯಿತು. ಡಿಎನ್‌ಎ ಪರೀಕ್ಷೆಯಲ್ಲಿ ಹೋಲಿಕೆ ಕಾಣದಿದ್ದರೂ ವಿಚಾರಣೆ ನಿಲ್ಲಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಂಡಳು. ಗುರುತಿಸಿದವರು ಆರೋಪಿಯ ಗೆಳೆಯರು. ಅದೇ ತಿಂಗಳು ನ್ಯಾಯಾಲಯವು ಅವನನ್ನು ಗೌರವದಿಂದ ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅವನ ಜೈಲುವಾಸದ ಕಥೆಯನ್ನು ಎಲ್ಲರೂ ಮರುಕದಿಂದ ಓದಿದರು. ಆದರೆ ಆ ಎಲುಬುಗಳು ಯಾರವು? ಅವಳೂ ಯಾರದೋ ಮಗಳು. ತಪ್ಪು ಮನುಷ್ಯನನ್ನು ಹಿಡಿದಿಟ್ಟ ಅಷ್ಟೂ ದಿನಗಳು ಆ ಅನಾಮಿಕ ಹೆಣ್ಣುಮಗಳಿಗೆ ಸಲ್ಲಬೇಕಾಗಿದ್ದ ತನಿಖೆಯ ದಿನಗಳಾಗಿದ್ದವು. ನಿರಪರಾಧಿಯ ಬಂಧನವು ಅವನೊಬ್ಬನಿಗೆ ಆಗುವ ಅನ್ಯಾಯವಷ್ಟೇ ಅಲ್ಲ. ಸತ್ತವರಿಗೆ ಆಗುವ ಎರಡನೆಯ ಅನ್ಯಾಯವೂ ಹೌದು.

ಕೊನೆಯದಾಗಿ ಜೊತೆಗೆ ಕಂಡವನೆಂಬುದು ಸಂಶಯಕ್ಕೆ ಕಾರಣವಾಗಬಹುದು. ಅದೊಂದೇ ಶಿಕ್ಷೆಗೆ ಆಧಾರವಾಗಲಾರದೆಂದು ನಮ್ಮ ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಸಾಂದರ್ಭಿಕ ಸಾಕ್ಷ್ಯದ ಕೊಂಡಿಗಳು ಎಲ್ಲಿಯೂ ತುಂಡಾಗಬಾರದು, ಅವು ಆರೋಪಿಯ ಅಪರಾಧದತ್ತ ಮಾತ್ರ ಬೆರಳು ತೋರಬೇಕು, ಬೇರೆ ಯಾವ ಸಾಧ್ಯತೆಗೂ ಎಡೆಯಿರಬಾರದೆಂಬ ತತ್ವವನ್ನು 1984ರ ಶರದ್ ಬಿರ್ದಿಚಂದ್ ಸಾರ್ಡಾ ತೀರ್ಪು ಸ್ಪಷ್ಟಪಡಿಸಿತು. ಸಂಶಯವು ಎಷ್ಟೇ ಬಲವಾಗಿದ್ದರೂ ಸಾಕ್ಷ್ಯದ ಸ್ಥಾನವನ್ನು ತುಂಬಲಾರದು.

ಇದೇ ಮಾತಿನ ಬೇರು ನಮ್ಮ ದೀನ್‌ನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಒಂದು ಘಟನೆ ತೋರಿಸುತ್ತದೆ. ಅಬ್ದುಲ್ಲಾ ಬಿನ್ ಸಹ್ಲ್ ಮತ್ತು ಮುಹಯ್ಯಿಸ ಎಂಬ ಇಬ್ಬರು ಅನ್ಸಾರಿಗಳು ಜೊತೆಯಾಗಿ ಖೈಬರ್‌ಗೆ ಹೋದರು. ಅಲ್ಲಿ ತಮ್ಮ ತಮ್ಮ ಕೆಲಸಕ್ಕಾಗಿ ಬೇರ್ಪಟ್ಟರು. ಬಳಿಕ ಅಬ್ದುಲ್ಲಾರು ಕೊಲೆಯಾಗಿ ಬಿದ್ದಿರುವುದನ್ನು ಕಂಡವರು ಅದೇ ಮುಹಯ್ಯಿಸ. ಕೊಲೆ ನಡೆದದ್ದು ಯಹೂದಿಯರ ನೆಲೆಯಲ್ಲಿ. ಸಂಶಯವೆಲ್ಲ ಅವರ ಮೇಲೆಯೇ. ಅವರು ಅದನ್ನು ನಿರಾಕರಿಸಿದರು. ಸತ್ತವರ ಕಡೆಯವರು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದರು. ನಿಮ್ಮಲ್ಲಿ ಐವತ್ತು ಮಂದಿ ಆಣೆಯಿಟ್ಟು ಹೇಳುವಿರಾ ಎಂದು ಪ್ರವಾದಿ(ಸ)ರು ವಿಚಾರಿಸಿದರು. ನಾವು ಕಣ್ಣಾರೆ ಕಾಣದ್ದಕ್ಕೆ ಆಣೆಯಿಡುವುದು ಹೇಗೆ ಎಂದು ಅವರು ಹಿಂಜರಿದರು. ಹಾಗಿದ್ದರೆ ಯಹೂದಿಯರು ಐವತ್ತು ಆಣೆಯಿಟ್ಟು ದೋಷಮುಕ್ತರಾಗುವರೆಂದಾಗ, ಅವರ ಆಣೆಯನ್ನು ನಂಬುವುದು ಹೇಗೆಂದರು. ಕೊನೆಗೆ ಪ್ರವಾದಿ(ಸ)ರು ಯಾರನ್ನೂ ಶಿಕ್ಷಿಸಲಿಲ್ಲ. ಸತ್ತವರ ಬಂಧುಗಳನ್ನು ಬರಿಗೈಯಲ್ಲಿ ಕಳಿಸಲೂ ಇಲ್ಲ. ನೂರು ಒಂಟೆಗಳ ರಕ್ತಪರಿಹಾರವನ್ನು ತಾವೇ ಪಾವತಿ ಮಾಡಿದರು.

ಈ ಒಂದು ತೀರ್ಮಾನದಲ್ಲಿ ಮೂರು ಪಾಠಗಳಿವೆ. ಸಾಕ್ಷ್ಯವಿಲ್ಲದೆ ಯಾರನ್ನೂ ಅಪರಾಧಿಯೆನ್ನುವಂತಿಲ್ಲ, ಅವರು ಅನ್ಯ ಧರ್ಮದವರಾಗಿದ್ದರೂ, ಅವರೊಂದಿಗೆ ಹಳೆಯ ವೈಷಮ್ಯವಿದ್ದರೂ ಸರಿಯೇ. ಕೊಲೆಗಾರ ಸಿಗಲಿಲ್ಲವೆಂಬ ಮಾತ್ರಕ್ಕೆ ಸತ್ತವನ ರಕ್ತ ಬೆಲೆಯಿಲ್ಲದ್ದಾಗುವುದಿಲ್ಲ. ಮೂರನೆಯದಾಗಿ, ಆ ಬೆಲೆಯನ್ನು ತೆರುವ ಹೊಣೆ ಸಮಾಜದ ಆಡಳಿತದ ಮೇಲೆ ಬೀಳುತ್ತದೆ. ಇನ್ನೊಂದನ್ನೂ ಗಮನಿಸಬೇಕು: ಜೊತೆಗೆ ಪ್ರಯಾಣ ಮಾಡಿದವನೂ ಮುಹಯ್ಯಿಸ, ಶವವನ್ನು ಮೊದಲು ಕಂಡವನೂ ಮುಹಯ್ಯಿಸ. ನಮ್ಮ ಇಂದಿನ ಊರುಗಳಲ್ಲಾಗಿದ್ದರೆ ಮೊದಲ ಬೆರಳು ಅವನತ್ತಲೇ ಏಳುತ್ತಿತ್ತು.

ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮದ್‌ಹಬ್‌ನ ವಿದ್ವಾಂಸರು ಖಸಾಮಃ ಎಂಬ ಈ ನಿಯಮವನ್ನು ಇನ್ನೂ ಮುಂದಕ್ಕೊಯ್ದರು. ಯಾವ ಮೊಹಲ್ಲಾದಲ್ಲಿ ಶವ ಸಿಕ್ಕಿತೋ ಅಲ್ಲಿಯ ಐವತ್ತು ಮಂದಿ, ತಾವು ಕೊಂದಿಲ್ಲ ಮತ್ತು ಕೊಂದವನನ್ನು ತಿಳಿದಿಲ್ಲ ಎಂದು ಆಣೆಯಿಡಬೇಕು. ಅನಂತರ ಪರಿಹಾರವನ್ನೂ ಆ ಮೊಹಲ್ಲಾದವರೇ ಭರಿಸಬೇಕು. ನಾವು ಬದುಕುತ್ತಿರುವುದು ಭಾರತದ ಕಾನೂನಿನಡಿ. ಆ ನಿಯಮವನ್ನು ಇಲ್ಲಿ ಜಾರಿಗೆ ತರಬೇಕೆಂಬುದು ನಮ್ಮ ಮಾತಲ್ಲ. ಅದರ ಹಿಂದಿನ ಎಚ್ಚರವನ್ನು ಕಾಣಬೇಕೆಂಬುದಷ್ಟೇ ನಮ್ಮ ಆಶಯ. ನಮ್ಮ ಓಣಿಯಲ್ಲಿ ಒಬ್ಬನು ಕೊಲೆಯಾದರೆ, ನಾನು ಕೊಲ್ಲಲಿಲ್ಲ ಎನ್ನುವುದು ಅರ್ಧ ಉತ್ತರ. ನನಗೆ ತಿಳಿದುದನ್ನು ನಾನು ಮುಚ್ಚಿಟ್ಟಿಲ್ಲ ಎನ್ನುವುದು ಉಳಿದರ್ಧ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿದ್ದಾರೆ ವಿನಾ ನಿರಪರಾಧಿ ಎಂದಿಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಮಾತು ಸುಳ್ಳಲ್ಲ. ಹಣ, ಪ್ರಭಾವ, ಬೆದರಿಕೆಗಳಿಂದ ಸಾಕ್ಷಿಗಳು ತಿರುಗಿಬಿದ್ದು ಅಪರಾಧಿಗಳು ಪಾರಾಗುವುದೂ ಉಂಟು. ತಮ್ಮ ಮುಂದೆ ವಾದಿಸುವವರಲ್ಲಿ ಒಬ್ಬನು ಹೆಚ್ಚು ಮಾತುಗಾರನಾಗಿರಬಹುದು, ಆ ಮಾತಿನ ಬಲದಿಂದ ಅವನು ಗೆದ್ದುಕೊಂಡದ್ದು ನರಕಾಗ್ನಿಯ ತುಂಡಷ್ಟೇ ಎಂಬರ್ಥದಲ್ಲಿ ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಆದುದರಿಂದ ತಪ್ಪಿತಸ್ಥನು ಇಲ್ಲಿ ಪಾರಾದರೂ ಅಲ್ಲಾಹನ ಮುಂದೆ ಪಾರಾಗಲಾರನು. ಆದರೆ ಅದು ಅವನ ಮತ್ತು ಅವನ ಪ್ರಭುವಿನ ನಡುವಿನ ಲೆಕ್ಕ. ನ್ಯಾಯಾಲಯಕ್ಕೆ ಸಿಗದ ಖಚಿತತೆ ಚಹಾದಂಗಡಿಯಲ್ಲಿ ಕುಳಿತ ನಮಗೆ ಸಿಕ್ಕಿದ್ದು ಎಲ್ಲಿಂದ? ಹೆಚ್ಚಿನ ಗುಮಾನಿಗಳಿಂದ ದೂರವಿರಬೇಕೆಂದು ಸೂರಃ ಅಲ್‌ಹುಜುರಾತ್ ಆದೇಶಿಸುತ್ತದೆ. ತಾನು ಮಾಡಿದ ಪಾಪವನ್ನು ನಿರಪರಾಧಿಯ ತಲೆಗೆ ಕಟ್ಟುವವನು ಸ್ಪಷ್ಟ ಪಾಪದ ಹೊರೆ ಹೊತ್ತವನೆಂದು ಸೂರಃ ಅನ್ನಿಸಾದ 112ನೆಯ ವಚನ ಸಾರುತ್ತದೆ. ಆ ಸಾಲಿನ ವಚನಗಳು, ಮುಸ್ಲಿಮ್ ಗೋತ್ರವೊಂದರ ಕಳ್ಳತನವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಲು ಹೊರಟಾಗ ಆ ಯಹೂದಿಯ ನಿರಪರಾಧಿತ್ವವನ್ನು ಎತ್ತಿಹಿಡಿದು ಅವತೀರ್ಣಗೊಂಡವೆಂದು ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ನಮ್ಮವರೆಂಬ ಕಾರಣಕ್ಕೆ ಸುಳ್ಳಿನ ಪರ ನಿಲ್ಲಬಾರದು, ಅವರೆಂಬ ಕಾರಣಕ್ಕೆ ಸಂಶಯವನ್ನೇ ತೀರ್ಪಾಗಿಸಬಾರದು.

ಸುಳ್ಳು ಆರೋಪದ ನೋವು ನಮ್ಮ ಸಮುದಾಯಕ್ಕೆ ಹೊಸತಲ್ಲ. ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನು ರೈಲು ಸ್ಫೋಟದ ಪ್ರಕರಣದಲ್ಲಿ 1994ರಲ್ಲಿ ಬಂಧಿತನಾಗಿ, 2016ರಲ್ಲಿ ಸುಪ್ರೀಂ ಕೋರ್ಟಿನಿಂದ ಬಿಡುಗಡೆ ಪಡೆದು ಹೊರಬರುವಾಗ ಅವನ ಯೌವನವೇ ಸೆರೆಮನೆಯಲ್ಲಿ ಕರಗಿತ್ತು. ಅದರ ಕಹಿ ಬಲ್ಲ ನಾವು, ಇನ್ನೊಬ್ಬನ ವಿಷಯದಲ್ಲಿ ಅದೇ ಅವಸರವನ್ನು ತೋರುವುದು ಎಷ್ಟು ಸರಿ? ತಪ್ಪು ಮೊಕದ್ದಮೆಗಳಿಂದ ನೊಂದವರಿಗೆ ಪರಿಹಾರ ನೀಡಲು ಪ್ರತ್ಯೇಕ ಶಾಸನ ಬೇಕೆಂದು ಕಾನೂನು ಆಯೋಗವು 2018ರ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ಆ ಬೇಡಿಕೆಯನ್ನು ಜಾತಿ-ಧರ್ಮಗಳ ಗಡಿ ಮೀರಿ ಎತ್ತಬೇಕಾದವರಲ್ಲಿ ನಾವೂ ಇರಬೇಕು.

ಇನ್ನು ಸತ್ತವನ ಕುಟುಂಬ. ಅನ್ಯಾಯವಾಗಿ ಕೊಲ್ಲಲ್ಪಟ್ಟವನ ವಾರಸುದಾರನಿಗೆ ಅಲ್ಲಾಹನು ಹಕ್ಕು ನೀಡಿದ್ದಾನೆ, ಜೊತೆಗೇ ಅವನು ಹದ್ದು ಮೀರಬಾರದೆಂದೂ ಸೂರಃ ಬನೀ ಇಸ್ರಾಈಲ್ ಕಟ್ಟಪ್ಪಣೆ ಮಾಡುತ್ತದೆ. ಸೇಡಿನ ದಾರಿ ಮುಚ್ಚಿದೆ. ನ್ಯಾಯದ ದಾರಿ ತೆರೆದಿದೆ. ಆ ದಾರಿಗಳನ್ನು ನಮ್ಮವರು ತಿಳಿದಿರಬೇಕು. ಆರೋಪಿ ಬಿಡುಗಡೆಯಾದಾಗ ಮೇಲ್ಮನವಿ ಸಲ್ಲಿಸುವುದು ಸರ್ಕಾರಕ್ಕೆ ಬಿಟ್ಟ ವಿಷಯವೆಂದೇ ಹಲವರು ಭಾವಿಸಿದ್ದಾರೆ. ಹಾಗಲ್ಲ. 2009ರ ಕೊನೆಯಿಂದ ನೊಂದವರಿಗೇ ಆ ಹಕ್ಕಿದೆ. ಈ ಹಕ್ಕನ್ನು ಗಟ್ಟಿಗೊಳಿಸಿದ ತೀರ್ಪಿನ ಮೂಲ ನಮ್ಮ ಜಿಲ್ಲೆಯೇ. 2009ರ ಫೆಬ್ರವರಿಯ ಒಂದು ರಾತ್ರಿ ಹಲ್ಲೆಗೊಳಗಾದ ವ್ಯಕ್ತಿಯೊಬ್ಬರ ಮೊಕದ್ದಮೆಯಲ್ಲಿ ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯವು 2013ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತ್ತು. ಅವರ ಮೇಲ್ಮನವಿಗೆ ಹೈಕೋರ್ಟಿನಲ್ಲಿ ಬಾಗಿಲು ತೆರೆಯಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2018ರ ಅಕ್ಟೋಬರ್ 12ರಂದು ಬಹುಮತದ ತೀರ್ಪು ಅವರ ಪರವಾಗಿ ಬಂತು: ನೊಂದವರು ಮೇಲ್ಮನವಿ ಸಲ್ಲಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗಿಲ್ಲ. ಆ ವೇಳೆಗೆ ಅವರು ತೀರಿಕೊಂಡಿದ್ದರು. ಮೊಕದ್ದಮೆಯನ್ನು ಮುಂದುವರಿಸಿದವರು ಅವರ ವಾರಸುದಾರರು. ಇಂದು ದೇಶದ ಯಾವ ಮೂಲೆಯ ತಾಯಿಯೂ ಮಗನ ಕೊಲೆಯ ಮೊಕದ್ದಮೆಯಲ್ಲಿ ಮೇಲ್ಮನವಿ ಸಲ್ಲಿಸುವಾಗ ಬಾಗಲಕೋಟೆಯ ಆ ಹಠದ ಫಲವನ್ನು ಉಣ್ಣುತ್ತಾಳೆ. ನಮ್ಮ ಜಿಲ್ಲೆಯವರಿಗೆ ಧಾರವಾಡದ ಹೈಕೋರ್ಟ್ ಪೀಠ ದೂರವೇನಲ್ಲ.

ಪರಿಹಾರದ ಬಾಗಿಲೂ ಇದೆ. ಮೊಕದ್ದಮೆ ಬಿಡುಗಡೆಯಲ್ಲಿ ಮುಗಿದರೂ ನೊಂದವರ ಪುನರ್ವಸತಿಗಾಗಿ ನ್ಯಾಯಾಲಯವು ಶಿಫಾರಸು ಮಾಡಬಹುದು. ಅಪರಾಧಿಯ ಪತ್ತೆಯೇ ಆಗದೆ ವಿಚಾರಣೆ ನಡೆಯದಿದ್ದಾಗ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ವ್ಯವಸ್ಥೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿದೆ. ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕೆಂಬ ನಿಯಮವೂ ಉಂಟು. ಖೈಬರ್‌ನ ನೂರು ಒಂಟೆಗಳ ನೆನಪಿರುವವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ತನಿಖೆಯಲ್ಲಿ ಬೇಜವಾಬ್ದಾರಿ ತೋರಿದ ಅಧಿಕಾರಿಗಳನ್ನು ಗುರುತಿಸಿ ಕ್ರಮ ಕೈಗೊಳ್ಳುವ ವ್ಯವಸ್ಥೆ ಪ್ರತಿ ರಾಜ್ಯದಲ್ಲೂ ಇರಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಆದೇಶಿಸಿದೆ. ಆ ಬಗ್ಗೆ ಕೇಳುವುದೂ ನಾಗರಿಕರ ಹಕ್ಕು.

ಇವೆಲ್ಲಕ್ಕಿಂತ ಕಷ್ಟದ್ದು ಸಾಕ್ಷಿ ಹೇಳುವುದು. ಕೋರ್ಟು-ಕಚೇರಿ ಅಲೆದಾಟ ಯಾರಿಗೆ ಬೇಕು, ನಾಳೆ ಅವರ ಮುಖ ನೋಡಬೇಕಲ್ಲ ಎಂದು ಕಂಡದ್ದನ್ನು ನುಂಗಿಕೊಳ್ಳುವವರು ಕಡಿಮೆಯಲ್ಲ. ಅವರಲ್ಲಿ ನಮಾಝ್ ತಪ್ಪಿಸದವರೂ ಇದ್ದಾರೆ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವೇ ಪಾಪಿಯೆಂದು ಸೂರಃ ಅಲ್‌ಬಕರಃ ಹೇಳುತ್ತದೆ. ಸ್ವತಃ ನಮಗೆ, ನಮ್ಮ ತಂದೆ-ತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂದು ಸೂರಃ ಅನ್ನಿಸಾ ಆಜ್ಞಾಪಿಸುತ್ತದೆ. ನಾವು ಮೌನ ತಾಳಿದ ಕಾರಣಕ್ಕೆ ಒಬ್ಬ ನಿರಪರಾಧಿ ಜೈಲಿನಲ್ಲಿ ಕೊಳೆತರೆ, ಒಬ್ಬ ಕೊಲೆಗಾರ ಹೊರಗೆ ಉಳಿದರೆ, ಎರಡರಲ್ಲೂ ನಮ್ಮ ಪಾಲಿದೆ.

ನಮ್ಮ ಜಮಾಅತ್‌ಗಳು ಮತ್ತು ಅಂಜುಮನ್‌ಗಳು ಮನಸ್ಸು ಮಾಡಿದರೆ ಮಾಡಬಹುದಾದ ಕೆಲಸಗಳಿವೆ. ಸತ್ತವರ ಮನೆಗೆ ಮೂರು ದಿನಗಳ ಸಾಂತ್ವನದ ನಂತರವೂ ಹೋಗುತ್ತಿರಬೇಕು. ಅವರ ಮಕ್ಕಳ ಶಾಲೆಯ ಖರ್ಚಿಗೆ, ವಕೀಲರ ನೆರವಿಗೆ ಕೈಜೋಡಿಸಬೇಕು. ಬಿಡುಗಡೆಯಾದವನಿಗೆ ಸಲಾಮ್ ಹೇಳಲು ಹಿಂಜರಿಯಬಾರದು. ಮಗ್ಗದಲ್ಲೋ ಅಂಗಡಿಯಲ್ಲೋ ಅವನಿಗೆ ದುಡಿಮೆ ಸಿಗುವಂತೆ ನೋಡಿಕೊಳ್ಳಬೇಕು. ಅವನ ತಂಗಿಯ ನಿಕಾಹ್ ಮಾತುಕತೆ ಆ ಕಾರಣಕ್ಕೆ ಮುರಿದುಬೀಳದಂತೆ ಹಿರಿಯರು ಮುಂದೆ ನಿಲ್ಲಬೇಕು. ಬಂಧನದ ದಿನ ಮೊಬೈಲಿನಲ್ಲಿ ಭಾವಚಿತ್ರ ಹಂಚಿದ ಕೈಗಳು ಬಿಡುಗಡೆಯ ಸುದ್ದಿಯನ್ನೂ ಅಷ್ಟೇ ಉತ್ಸಾಹದಿಂದ ಹಂಚಬೇಕು. ಸತ್ತವನು ಹಿಂದೂವೋ ಮುಸ್ಲಿಮನೋ, ಆರೋಪಿ ಯಾರ ಮಗನೋ ಎಂಬುದು ಇವುಗಳಲ್ಲಿ ಯಾವುದನ್ನೂ ಬದಲಿಸಬಾರದು.

ಅಂತಿಮ ದಿನ ಮನುಷ್ಯರ ನಡುವೆ ಮೊದಲು ತೀರ್ಮಾನವಾಗುವುದು ರಕ್ತದ ವ್ಯಾಜ್ಯಗಳೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಅಂದು ಪೊಲೀಸ್ ಕಡತ ಕಳೆದುಹೋಗುವುದಿಲ್ಲ, ಸಾಕ್ಷಿ ತಿರುಗಿಬೀಳುವುದಿಲ್ಲ, ಕೊಂದವನ ಹೆಸರು ಗುಟ್ಟಾಗಿ ಉಳಿಯುವುದಿಲ್ಲ. ಆದರೆ ಆ ದಿನದ ನ್ಯಾಯದ ಮೇಲಿನ ಭರವಸೆಯು ಇಂದಿನ ಹೊಣೆಯಿಂದ ಜಾರಿಕೊಳ್ಳಲು ನೆಪವಾಗಬಾರದು. ಕೊಂದವನಿಗೆ ಅವನ ಪ್ರಶ್ನೆಯಿದೆ. ನೆರೆಹೊರೆಯವರಾದ ನಮಗೂ ಒಂದು ಪ್ರಶ್ನೆಯಿದೆ: ತಿಳಿದದ್ದನ್ನು ಹೇಳಿದೆವೇ, ತಿಳಿಯದ್ದನ್ನು ಹೇಳದೆ ಉಳಿದೆವೇ?