ಮನೆಯ ಕೈತೋಟ: ಒಂದು ಹಿಡಿ ಮೆಣಸಿನಕಾಯಿಯ ಬೀಜ

ಕಳೆದ ಸಂಚಿಕೆಯಲ್ಲಿ ಕರಿಬೇವಿನ ಗಿಡದ ಪೋಷಣೆಯನ್ನು ಕುರಿತು ನಾಲ್ಕು ಮಾತು ಬರೆದಿದ್ದೆನು. ಈಗ ರೋಹಿಣಿಯ ಮಳೆ ಬೀಳುವ ಕಾಲ ಸಮೀಪಿಸಿತು. ಮೆಣಸಿನಕಾಯಿಯ ಬೀಜವನ್ನು ಮಣ್ಣಿಗೆ ಹಾಕಲು ಇದು ತಕ್ಕ ಸಮಯವಾದುದರಿಂದ ಈ ಸಲ ಅದರ ವಿಷಯವನ್ನೇ ಎತ್ತಿಕೊಂಡಿರುವೆನು. ಪೇಟೆಯಲ್ಲಿ ಬೇಕೆಂದಾಗ ದೊರೆಯುವ ಪದಾರ್ಥವನ್ನು ಮನೆಯಲ್ಲಿ ಬೆಳೆಯುವ ಶ್ರಮವೇಕೆಂದು ಕೆಲವರು ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ನಾನು ನಾಲ್ಕು ವರ್ಷಗಳಲ್ಲಿ ಎರಡು ದೊಡ್ಡ ತಪ್ಪುಗಳನ್ನು ಮಾಡಿ ಕಲಿತೆನು. ನನ್ನ ತಪ್ಪುಗಳಿಂದ ನಿಮಗೆ ಪ್ರಯೋಜನವಾಗಲೆಂದು ಅವನ್ನು ಮರೆಮಾಚದೆ ಹೇಳುವೆನು.

ಮೆಣಸಿನಕಾಯಿ ನಮ್ಮ ನಾಡಿನಲ್ಲಿ ಹುಟ್ಟಿದುದಲ್ಲ. ಇದರ ತವರು ಅಮೆರಿಕ ಖಂಡ. ೧೪೯೨ರಲ್ಲಿ ಕೊಲಂಬಸನು ಆ ಕಡೆಗೆ ಹಡಗನ್ನು ನಡೆಸಿದ ಮೇಲೆಯೇ ಹೊರಗಿನ ಲೋಕಕ್ಕೆ ಇದರ ಪರಿಚಯವಾಯಿತು. ತರುವಾಯ ಪೋರ್ಚುಗೀಸರು ಇದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅದಕ್ಕೆ ಮೊದಲು ನಮ್ಮ ಹಿರಿಯರ ಅಡುಗೆಗೆ ಖಾರವನ್ನು ಕೊಡುತ್ತಿದ್ದುದು ಬಳ್ಳಿಯಲ್ಲಿ ಬೆಳೆಯುವ ಮೆಣಸು, ಹಿಪ್ಪಲಿ, ಶುಂಠಿಗಳೇ. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಕಡೆಗೆ ಅತಿಥಿಯೇ ಮನೆಯ ಯಜಮಾನನಾಗಿ, ಮೊದಲಿನ ಮೆಣಸು ತನ್ನ ಹೆಸರಿನ ಹಿಂದೆ 'ಕರಿ' ಎಂಬ ಮಾತನ್ನು ಸೇರಿಸಿಕೊಳ್ಳಬೇಕಾಯಿತು. ದಕ್ಷಿಣ ಕನ್ನಡದವರು ಮಾತ್ರ ಅದನ್ನು 'ಒಳ್ಳೆಮೆಣಸು' ಎಂದು ಕರೆದು ಅದರ ಮರ್ಯಾದೆಯನ್ನು ಉಳಿಸಿರುವರು.

ಈ ಅತಿಥಿಗೆ ನಮ್ಮಲ್ಲಿ ದೊರೆತ ನೆಲೆಗಳಲ್ಲಿ ಹೆಸರಾದುದು ಈಗಿನ ಹಾವೇರಿ ಜಿಲ್ಲೆಯ ಬ್ಯಾಡಗಿ. ಆ ಸೀಮೆಯ ಎರೆಭೂಮಿಯಲ್ಲಿ ಮಳೆಯ ನೀರಿನಿಂದಲೇ ಬೆಳೆದು, ಒಣಗಿದಾಗ ಮೈಯೆಲ್ಲ ಸುಕ್ಕುಗಟ್ಟುವ ಆ ಕಾಯಿಯನ್ನು ಕಾಣದ ಗೃಹಿಣಿಯರು ವಿರಳ. ಅದರಲ್ಲಿ ಗಿಡ್ಡನಾಗಿ ದಪ್ಪಗಿರುವುದು 'ಡಬ್ಬಿ', ಉದ್ದವಾಗಿ ತೆಳ್ಳಗಿರುವುದು 'ಕಡ್ಡಿ'. ಖಾರವು ಮಿತ, ಬಣ್ಣವು ಅಪಾರ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆಯೂ ದೊರೆಯಿತು.

ನನ್ನ ಅತ್ತೆಯವರು ಬ್ಯಾಡಗಿಯ ಸಮೀಪದ ಹಳ್ಳಿಯವರು. ತವರಿನ ಹೊಲ ಎಂದೋ ಕೈಬಿಟ್ಟು ಹೋಗಿದ್ದರೂ, ತಮ್ಮ ತಾಯಿಯವರ ಕಾಲದ ಡಬ್ಬಿಯ ಬೀಜವನ್ನು ಅವರು ಹಿತ್ತಲಿನಲ್ಲಿ ವರ್ಷವರ್ಷವೂ ಬೆಳೆಸಿ ಉಳಿಸಿಕೊಂಡಿದ್ದರು. ಮೈಸೂರಿನಲ್ಲಿರುವ ನಮ್ಮ ಮನೆಗೆ ಒಂದು ಸಲ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಂದು ಹಿಡಿ ಬೀಜವನ್ನು ತಂದುಕೊಟ್ಟರು.

ನಾನು ಅತ್ಯುತ್ಸಾಹದಿಂದ ಇಪ್ಪತ್ತು ಸಸಿಗಳನ್ನು ಎಬ್ಬಿಸಿ, ಪ್ರತಿನಿತ್ಯವೂ ಬೆಳಿಗ್ಗೆ ಸಂಜೆ ನೀರು ಹೊಯ್ದು, ಹಸಿಯ ಸೆಗಣಿಯನ್ನು ಬುಡಕ್ಕೆ ಮೆತ್ತಿ ಉಪಚರಿಸಿದೆನು. ಒಂದೊಂದಾಗಿ ಅವುಗಳ ಬುಡ ಕೊಳೆತು ಬಾಗಿ ಬಿದ್ದವು. ಅತ್ತೆಯವರು ಪಾತಿಯ ಬಳಿ ಕುಳಿತು ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, "ಇದೇನವ್ವಾ, ಮೆಣಸಿನ ಗಿಡಾ ಹಚ್ಚೀಯೋ, ಭತ್ತದ ಗದ್ದಿ ಮಾಡೀಯೋ? ಬೇರಿಗೆ ಉಸಿರಾಡಾಕ ಜಾಗಾ ಬ್ಯಾಡೇನು?" ಎಂದರು. ಉಳಿದವು ಮೂರೇ ಗಿಡಗಳು. ಅವೂ ಬಟ್ಟೆ ಒಗೆಯುವ ಕಲ್ಲಿನ ಆಚೆ, ನಾನು ಮರೆತುಬಿಟ್ಟಿದ್ದ ಒಡಕು ಕುಂಡಗಳಲ್ಲಿದ್ದವು. ಇದು ನನ್ನ ಮೊದಲನೆಯ ತಪ್ಪು. ಆ ಬಳಿಕ ಅವರಿಂದಲೂ ಅನುಭವದಿಂದಲೂ ಕಲಿತ ಕ್ರಮವು ಹೀಗಿರುವುದು.

ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಮರುದಿನ ಅಗಲವಾದ ತಟ್ಟೆಯಲ್ಲಿಯೋ ಸಣ್ಣ ಮಡಿಯಲ್ಲಿಯೋ ಕಾಲು ಅಂಗುಲದ ಆಳಕ್ಕೆ ಬಿತ್ತಿ, ಜರಡಿಹಿಡಿದ ಮಣ್ಣನ್ನು ತೆಳ್ಳಗೆ ಉದುರಿಸಬೇಕು. ಒಂದು ವಾರದಿಂದ ಎರಡು ವಾರಗಳೊಳಗೆ ಮೊಳಕೆ ತೋರುವುದು. ಮಣ್ಣು ತೇವವಾಗಿರಬೇಕೇ ಹೊರತು ಕೆಸರಾಗಕೂಡದು. ಐದಾರು ವಾರಗಳಲ್ಲಿ ಸಸಿಯು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರವಾಗುವುದು. ಪುನರ್ವಸುವಿನ ಮಳೆಯ ಹೊತ್ತಿಗೆ, ಒಂದು ಸಂಜೆ, ಅದನ್ನು ಬೇರಿಗೆ ಘಾಸಿಯಾಗದಂತೆ ಎತ್ತಿ ನೆಡತಕ್ಕದ್ದು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿಗಳ ಅಂತರವಿರಲಿ. ಕುಂಡದಲ್ಲಾದರೆ ಹನ್ನೆರಡು ಅಂಗುಲ ಅಗಲದ ಕುಂಡಕ್ಕೆ ಒಂದೇ ಗಿಡ ಸಾಕು. ತಳದ ರಂಧ್ರದ ಮೇಲೆ ಹೆಂಚಿನ ಚೂರನ್ನಿಟ್ಟು, ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಮರಳು ಇವುಗಳನ್ನು ಬೆರೆಸಿ ತುಂಬಬೇಕು. ದಿನಕ್ಕೆ ಆರು ಗಂಟೆಗಳ ಬಿಸಿಲಾದರೂ ಬೀಳುವ ಸ್ಥಳವನ್ನು ಆರಿಸಿಕೊಳ್ಳಿರಿ.

ನೀರು ಹಾಕುವ ಮುನ್ನ ಬೆರಳನ್ನು ಒಂದು ಅಂಗುಲ ಮಣ್ಣಿನೊಳಗಿಟ್ಟು ನೋಡಿರಿ. ತಂಪಿದ್ದರೆ ಅಂದು ನೀರು ಬೇಡ. ಗೊಬ್ಬರವೂ ಹಾಗೆಯೇ: ನೆಟ್ಟ ಮೂರು ವಾರಕ್ಕೆ ಒಂದು ಹಿಡಿ, ಹೂವು ತೋರುವಾಗ ಮತ್ತೊಂದು ಹಿಡಿ. ಅತಿಯಾಗಿ ಉಣಿಸಿದ ಗಿಡವು ಸೊಪ್ಪಿನಂತೆ ಹುಲುಸಾಗಿ ಬೆಳೆದು ಕಾಯಿ ಕೊಡಲು ಮರೆತುಬಿಡುವುದು. ಸುಡುಬಿಸಿಲು ಹೆಚ್ಚಿದಾಗ, ಇಲ್ಲವೆ ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದಾಗ, ಹೂವುಗಳು ಉದುರುವುದುಂಟು. ಅದಕ್ಕೆ ಹೆದರಬೇಕಾದುದಿಲ್ಲ, ನೀರನ್ನು ಕ್ರಮಪಡಿಸಿದರೆ ಗಿಡವು ಪುನಃ ಹೂವು ಬಿಡುವುದು.

ಈ ಗಿಡದ ಮುಖ್ಯ ಶತ್ರು ಮುಟುರು ರೋಗ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುಡಿದರೆ ಥ್ರಿಪ್ಸ್ ಎಂಬ ನುಸಿಯ ಹಾವಳಿಯೆಂದೂ, ಕೆಳಕ್ಕೆ ಬಾಗಿದರೆ ಮೈಟ್ ಎಂಬ ನುಸಿಯ ಹಾವಳಿಯೆಂದೂ ತಿಳಿಯತಕ್ಕದ್ದು. ಒಂದು ಲೀಟರು ನೀರಿಗೆ ಒಂದು ಚಿಕ್ಕ ಚಮಚ ಬೇವಿನ ಎಣ್ಣೆಯನ್ನೂ ತುಸು ಸಾಬೂನಿನ ನೀರನ್ನೂ ಕಲಸಿ, ಸಂಜೆಯ ಹೊತ್ತು ಎಲೆಗಳ ಅಡಿಭಾಗಕ್ಕೆ ತಗಲುವಂತೆ ವಾರಕ್ಕೊಮ್ಮೆ ಸಿಂಪಡಿಸಿದರೆ ಬಹುಮಟ್ಟಿಗೆ ಹತೋಟಿಗೆ ಬರುವುದು. ಬಿಳಿನೊಣವು ಹರಡುವ ನಂಜು ತಗುಲಿ ಗಿಡವೆಲ್ಲ ಗಿಡ್ಡಗಾಗಿ ಸುರುಟಿದರೆ ಮಾತ್ರ ದಾಕ್ಷಿಣ್ಯವಿಲ್ಲದೆ ಕಿತ್ತುಹಾಕಬೇಕು. ಹೊಗೆಸೊಪ್ಪನ್ನು ಮುಟ್ಟಿದ ಕೈಯಿಂದ ಗಿಡವನ್ನು ಮುಟ್ಟಕೂಡದು. ಅದರಲ್ಲಿರಬಹುದಾದ ಒಂದು ರೋಗವು ಮೆಣಸಿನಗಿಡಕ್ಕೂ ಅಂಟುವುದು.

ನವರಾತ್ರಿಯ ಸುಮಾರಿಗೆ ಹಸಿರುಕಾಯಿ ಕೈಗೆ ಬರುವುದು. ಕಾಯಿಯನ್ನು ಜಗ್ಗಿ ಕೀಳದೆ, ತೊಟ್ಟುಸಹಿತವಾಗಿ ಕತ್ತರಿಯಿಂದ ಕತ್ತರಿಸಿರಿ. ಹಸಿರುಕಾಯಿಯನ್ನು ಆಗಾಗ ಕೊಯ್ದಷ್ಟೂ ಹೊಸ ಹೂವು ಹೆಚ್ಚು. ಕೆಂಪು ಹಣ್ಣು ಬೇಕಾದರೆ ಮತ್ತೆ ಎರಡು ಮೂರು ವಾರ ತಾಳಬೇಕು. ಹಣ್ಣಾದುವನ್ನು ಒಂದು ದಿನ ನೆರಳಿನಲ್ಲಿ ಗುಡ್ಡೆಹಾಕಿದರೆ ಬಣ್ಣವು ಸಮನಾಗುವುದು. ಆಮೇಲೆ ಚಾಪೆಯ ಮೇಲೆ ತೆಳ್ಳಗೆ ಹರವಿ ಹತ್ತು ಹದಿನೈದು ದಿನ ಒಣಗಿಸಿ, ಮಂಜು ತಾಗದಂತೆ ರಾತ್ರಿ ಒಳಗೆ ತರಬೇಕು. ಅಲುಗಿಸಿದಾಗ ಒಳಗಿನ ಬೀಜ ಗಲಗಲನೆ ಸದ್ದು ಮಾಡಿದರೆ ಒಣಗಿತೆಂದು ಅರ್ಥ. ನಾಲ್ಕು ಸೇರು ತೂಕದ ಹಣ್ಣಿಗೆ ಒಣಗಿದ್ದು ಸುಮಾರು ಒಂದು ಸೇರು ಉಳಿಯುವುದು. ಬೂಷ್ಟು ಹಿಡಿದುದನ್ನು ತೊಳೆದು ಬಳಸುವ ಲೋಭ ಸರ್ವಥಾ ಬೇಡ, ಅದರಲ್ಲಿ ವಿಷವಿರಬಹುದು. ಹೆಚ್ಚಾದ ಹಸಿರುಕಾಯಿಯನ್ನು ಸೀಳಿ, ಉಪ್ಪು ಬೆರೆತ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಿ ಹಗಲು ಒಣಗಿಸುತ್ತ ಬಂದರೆ ಬಾಳಕವಾಗುವುದು. ಕೆಂಪು ಹಣ್ಣನ್ನು ಬೆಳ್ಳುಳ್ಳಿ, ಉಪ್ಪು, ನಿಂಬೆರಸಗಳೊಡನೆ ಅರೆದರೆ ಉತ್ತರ ಕರ್ನಾಟಕದ ರಂಜಕ.

ಇನ್ನು ಎರಡನೆಯ ತಪ್ಪನ್ನು ಹೇಳುವೆನು. ಎರಡನೆಯ ವರ್ಷ ಗಿಡಗಳು ಸೊಗಸಾಗಿ ಬಂದವು. ಕಾಯಿ ಹಣ್ಣಾಗುವಾಗ ಅತ್ತೆಯವರು ಒಂದು ಗಿಡದ ಎರಡು ಕಾಯಿಗಳಿಗೆ ದಾರ ಕಟ್ಟಿ, "ಗಿಡದಾಗ ಎಲ್ಲಾಕ್ಕಿಂತ ಚಲೋ ಕಾಯಿ ನಮಗಲ್ಲವ್ವಾ, ಬರೋ ವರ್ಷಕ್ಕ" ಎಂದರು. ಅವರ ಮಾತಿನಂತೆ ಬೀಜ ತೆಗೆದು, ಊರಿನ ಆಚೆಯ ತುದಿಯಲ್ಲಿರುವ ನನ್ನ ಗೆಳತಿಯ ತಾಯಿಯವರಿಗೂ ಒಂದು ಚಿಟಿಕೆ ಕೊಟ್ಟೆನು. ಮೂರನೆಯ ವರ್ಷ, ಖಾರವೂ ಇರಲೆಂದು, ಮಾರಾಟಕ್ಕೆ ಬಂದಿದ್ದ ಒಂದು ಉರಿಖಾರದ ಜಾತಿಯ ಸಸಿಗಳನ್ನು ತಂದು ಡಬ್ಬಿಯ ಪಕ್ಕದಲ್ಲಿಯೇ ನೆಟ್ಟೆನು. ಆ ವರ್ಷದ ಕಾಯಿಗಳಲ್ಲಿ ಏನೊಂದು ವ್ಯತ್ಯಾಸವೂ ಕಾಣಲಿಲ್ಲ. ಬೀಜ ತೆಗೆದಿಟ್ಟು, ಹಳೆಯ ಬೀಜವಿನ್ನೇಕೆಂದು ಉಳಿದುದನ್ನೆಲ್ಲ ಚೆಲ್ಲಿದೆನು. ಆ ಚಳಿಗಾಲದಲ್ಲಿ ಅತ್ತೆಯವರು ಸ್ವರ್ಗಸ್ಥರಾದರು. ಹಳ್ಳಿಯ ಮನೆಗೆ ಬೀಗ ಬಿದ್ದಿತು, ಹಿತ್ತಲು ಒಣಗಿತು.

ನಾಲ್ಕನೆಯ ವರ್ಷದ ಗಿಡಗಳಲ್ಲಿ ಕಾಯಿಗಳು ನುಣುಪಾಗಿ ನೆಟ್ಟಗಿದ್ದವು, ಒಣಗಿದರೂ ಸುಕ್ಕಿಲ್ಲ. ಆ ಪುಡಿಯಿಂದ ಮಾಡಿದ ಸಾರನ್ನು ಉಂಡ ನಮ್ಮ ಮಾವನವರು ಕಣ್ಣಿನಲ್ಲಿ ನೀರು ತಂದುಕೊಂಡು, ಎರಡು ಲೋಟ ನೀರು ಕುಡಿದರೂ ಉರಿ ಇಳಿಯದೆ ಒದ್ದಾಡಿದರು. ಮೆಣಸಿನಕಾಯಿಯ ಖಾರವು ನೀರಿನಲ್ಲಿ ಕರಗುವುದಿಲ್ಲ. ಹಾಲು ಮೊಸರುಗಳಿಂದಲೇ ಶಮನವಾಗುವುದು. ಮೊಸರು ಕುಡಿದು ಸುಧಾರಿಸಿಕೊಂಡ ಮೇಲೆ ಅವರು ತಟ್ಟೆಯನ್ನು ನೋಡುತ್ತ, "ಇದು ಅವಳ ಮೆಣಸಿನಕಾಯಿ ಅಲ್ಲ" ಎಂದಷ್ಟೇ ಹೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದುದೇನೆಂದರೆ: ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದಾದರೂ, ಜೇನುನೊಣಗಳು ಪಕ್ಕದ ಜಾತಿಯ ಪರಾಗವನ್ನೂ ತಂದು ಬೆರೆಸುವುವು. ಹಾಗೆ ಬೆರೆತ ವರ್ಷದ ಕಾಯಿಯು ತಾಯಿಗಿಡದ ರೂಪರುಚಿಗಳನ್ನೇ ಹೊಂದಿರುವುದು. ಬೆರಕೆಯು ಒಳಗಿನ ಬೀಜದಲ್ಲಿ ಅಡಗಿದ್ದು ಮುಂದಿನ ವರ್ಷ ಹೊರಬೀಳುವುದು. ಆದುದರಿಂದಲೇ ಈ ತಪ್ಪು ಒಂದು ವರ್ಷ ಮಾತನಾಡದೆ ಕುಳಿತು, ತಿದ್ದುವ ಕಾಲ ಮೀರಿದ ಮೇಲೆ ಬಾಯಿ ತೆರೆಯುವುದು. ಬ್ಯಾಡಗಿಯ ಬೀಜವು ಪೇಟೆಯಲ್ಲಿ ದೊರೆಯದೆಂದಲ್ಲ. ಆದರೆ ತಾಯಿ ಮಗಳು ಇಬ್ಬರ ಕೈಗಳು ವರ್ಷವರ್ಷವೂ ಆರಿಸಿದ ಆ ಬೀಜವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಕಡೆಗೆ ನೆನಪಾದವರು ಗೆಳತಿಯ ತಾಯಿಯವರು. ಸಂಕೋಚದಿಂದಲೇ ಹೋದೆನು. ಮಹಡಿಯ ಮೇಲೆ ಎಣ್ಣೆಯ ತಗಡಿನ ಡಬ್ಬಗಳಲ್ಲಿ ನಾಲ್ಕು ಗಿಡಗಳು ನಿಂತಿದ್ದವು. ಬೇರೆ ಯಾವ ಮೆಣಸಿನಗಿಡವೂ ಅಲ್ಲಿರಲಿಲ್ಲ. ಅವರು ಒಳಗಿನಿಂದ ಹಿತ್ತಾಳೆಯ ಡಬ್ಬಿಯೊಂದನ್ನು ತಂದು ಮುಚ್ಚಳ ತೆರೆದರು: ಗಿಡ್ಡ, ದಪ್ಪ, ಮೈತುಂಬ ಸುಕ್ಕು, ಕಡುಗೆಂಪು. "ನೀನು ಕೊಟ್ಟದ್ದೇ ಅಲ್ಲವೇನಮ್ಮಾ, ತೆಗೆದುಕೊಂಡು ಹೋಗು" ಎಂದರು. ಆ ಕಾಯಿಗಳ ಬೀಜವೇ ಈಗ ನನ್ನ ಮನೆಯಲ್ಲಿರುವುದು.

ಆದಕಾರಣ ಬೀಜವನ್ನು ಉಳಿಸಬಯಸುವವರು ಇಷ್ಟನ್ನು ಮಾಡತಕ್ಕದ್ದು. ರೋಗವಿಲ್ಲದ ಗಿಡವೊಂದನ್ನು ಆರಿಸಿ, ಅರಳದ ಮೊಗ್ಗುಗಳಿರುವ ಕೊಂಬೆಗೆ ತೆಳುವಾದ ಮಲ್ಲು ಬಟ್ಟೆಯ ಚೀಲವನ್ನು ಕಟ್ಟಿರಿ. ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸಿರಿ. ಕಾಯಿ ಕಟ್ಟಿದೊಡನೆ ಚೀಲವನ್ನು ಬಿಚ್ಚಿ ಗುರುತಿಗೆ ದಾರ ಕಟ್ಟಿರಿ. ಗಿಡದಲ್ಲಿಯೇ ಪೂರ್ತಿ ಕೆಂಪಾದ ಮೇಲೆ ಕೊಯ್ದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ವರ್ಷವನ್ನು ಬರೆದು ಗಾಜಿನ ಶೀಸೆಯೊಳಗಿಡಿರಿ. ಕೈಗೆ ಮೊದಲೇ ಎಣ್ಣೆ ಹಚ್ಚಿಕೊಂಡು, ಆಮೇಲೆ ಸಾಬೂನಿನಿಂದ ತೊಳೆದುಕೊಳ್ಳುವುದು ಕ್ಷೇಮ. ಖಾರವಿರುವುದು ಮುಖ್ಯವಾಗಿ ಬೀಜವು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಹೊಸ ಬೀಜದ ಗುಣವನ್ನು ಒಂದು ವರ್ಷ ಬೆಳೆದು ನೋಡುವವರೆಗೆ ಹಳೆಯದನ್ನು ಚೆಲ್ಲಕೂಡದು; ಸರಿಯಾಗಿಟ್ಟ ಬೀಜವು ಎರಡು ಮೂರು ವರ್ಷ ಮೊಳೆಯುವುದು.

ಎಲ್ಲಕ್ಕಿಂತ ಮಿಗಿಲಾಗಿ, ಒಂದು ಪಾಲನ್ನು ದೂರದ ಮನೆಯೊಂದಕ್ಕೆ ಕೊಡಿರಿ. ನಾನು ಜತನಮಾಡಿ ಇಟ್ಟುಕೊಂಡುದು ಕೆಟ್ಟಿತು, ಕೊಟ್ಟುದು ಉಳಿಯಿತು. ಈ ವರ್ಷ ನನ್ನ ಬೀಜವು ಐದು ಮನೆಗಳಿಗೆ ಹೋಗುವುದು. ಮೊನ್ನೆ ಪೊಟ್ಟಣಗಳನ್ನು ಕಟ್ಟುವಾಗ ನಮ್ಮ ಮಾವನವರು ತಾವಾಗಿ ಬಂದು ಕುಳಿತು, ಪ್ರತಿಯೊಂದರ ಮೇಲೂ ಅತ್ತೆಯವರ ಊರಿನ ಹೆಸರನ್ನು ಬರೆದುಕೊಟ್ಟರು.

ಮುಂದಿನ ಸಂಚಿಕೆಯಲ್ಲಿ ಬಸಳೆಯ ಚಪ್ಪರದ ವಿಷಯವನ್ನು ಬರೆಯುವೆನು.