ಅಂಚನ್ನು ಕಾಣದ ಬೆಳಕು

ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿದ ಮೇಲೆ ವೈದ್ಯರು ಅದಕ್ಕೊಂದು ಕ್ಯಾಪ್ ತೊಡಿಸುವುದನ್ನು ವಾಚಕರಲ್ಲಿ ಅನೇಕರು ತಮ್ಮ ಮನೆಯ ಹಿರಿಯರಲ್ಲಿಯಾದರೂ ಕಂಡಿರಬಹುದು. ಹಲ್ಲನ್ನು ಸುತ್ತಲೂ ತೇದು ಸಣ್ಣದು ಮಾಡಿ, ಅದರ ಅಚ್ಚನ್ನು ತೆಗೆದು ದಂತ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ಆ ಅಚ್ಚಿನೊಳಗೆ ಗಟ್ಟಿ ಜಾತಿಯ ಜಿಪ್ಸಮ್ ಹೊಯ್ದು ಹಲ್ಲಿನ ಪ್ರತಿಕೃತಿಯನ್ನು ಪಡೆಯುತ್ತಾರೆ. ಇದಕ್ಕೆ ಡೈ ಎಂದು ಹೆಸರು. ತೇದ ಭಾಗ ಮುಗಿದು ತೇಯದ ಭಾಗ ಮೊದಲಾಗುವ ಎಡೆಯಲ್ಲಿ ಹಲ್ಲಿನ ಸುತ್ತಲೂ ಒಂದು ಗೆರೆ ಹರಿದಿರುತ್ತದೆ. ಕಸಬಿನವರು ಮಾರ್ಜಿನ್ ಎನ್ನುವುದು ಇದನ್ನೇ. ನಾವು ಅಂಚು ಎನ್ನೋಣ. ಕ್ಯಾಪಿನ ಬಾಯಿ ಈ ಅಂಚಿನ ಮೇಲೆ ಸರಿಯಾಗಿ ಕೂರದಿದ್ದರೆ, ಸಂದಿಯಲ್ಲಿ ಸಿಮೆಂಟು ಕರಗಿ, ಜೀವಾಣುಗಳು ನೆಲಸಿ, ಕ್ಯಾಪಿನ ಮರೆಯಲ್ಲಿಯೇ ಹಲ್ಲು ಮತ್ತೆ ಹುಳುಕಾಗುತ್ತದೆ. ಬೇರಿನ ನಾಳದ ಚಿಕಿತ್ಸೆಯಾದ ಹಲ್ಲಿನಲ್ಲಿ ನೋವನ್ನು ತಿಳಿಸುವ ನರವೂ ಉಳಿದಿರುವುದಿಲ್ಲವಾದುದರಿಂದ, ಹಾನಿ ಕಾಣುವ ಹೊತ್ತಿಗೆ ಹಲ್ಲು ಕೈಬಿಟ್ಟಿರುತ್ತದೆ.

ಎಷ್ಟು ಸಂದಿಯನ್ನು ಸಹಿಸಬಹುದು? ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಎಂಬ ಇಬ್ಬರು ಸಂಶೋಧಕರು ಇಂಥ ಸಾವಿರಕ್ಕೂ ಹೆಚ್ಚು ಜೋಡಣೆಗಳನ್ನು ಐದು ವರ್ಷಗಳ ಕಾಲ ಪರಿಶೀಲಿಸಿ, 120 ಮೈಕ್ರಾನ್ ಎಂಬ ಮೇಲಿನ ಮಿತಿಯನ್ನು 1971ರಲ್ಲಿ ಸೂಚಿಸಿದರು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಕೂದಲೆಳೆಯ ಅಂತರವೆಂದು ನಾವು ಮಾತಿಗೆ ಹೇಳುವುದು ಇಲ್ಲಿ ನಿಜವಾದ ಅಳತೆಯೇ ಆಗಿದೆ. ಈ ಮಿತಿಯಲ್ಲಿ ಪಾಲು ಕೇಳುವವರೂ ಹಲವರು. ಜಿಪ್ಸಮ್ ಗಟ್ಟಿಯಾಗುವಾಗ ನೂರಕ್ಕೆ 0.1ರಷ್ಟು ಹಿಗ್ಗಿದರೂ 10 ಮಿಲಿಮೀಟರು ಅಗಲದ ದವಡೆ ಹಲ್ಲಿನಲ್ಲಿ ಅದು 10 ಮೈಕ್ರಾನ್ ಆಗುತ್ತದೆ. ಅಚ್ಚಿನ ದೋಷ, ಕೊರೆಯುವ ಯಂತ್ರದ ದೋಷ ಬೇರೆ. ಉಳಿದುದು ಸ್ಕ್ಯಾನರಿನ ಪಾಲಿಗೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಂಥದೊಂದು ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದಾನೆ. ಕ್ಯಾಪುಗಳು ಕೂರುತ್ತಿಲ್ಲವೆಂದು ವೈದ್ಯರಿಂದ ಹಿಂದಿರುಗುತ್ತಿವೆ, ಯಂತ್ರವೇ ಸರಿಯಿಲ್ಲವೆಂದು ತೋರುತ್ತದೆ, ಒಮ್ಮೆ ಬಂದು ನೋಡಬೇಕೆಂದು ಅವನು ಕೇಳಿಕೊಂಡ. ಹಲ್ಲಿನ ವಿಷಯದಲ್ಲಿ ನಮಗೆ ಯಾವ ಅಧಿಕಾರವೂ ಇಲ್ಲ. ಆದರೆ ಯಂತ್ರದ ಒಳಗಿರುವುದು ಬೆಳಕು ಮತ್ತು ತ್ರಿಕೋಣಮಿತಿ. ಆ ಧೈರ್ಯದಿಂದ ಹೋದೆವು.

ಹೊಳೆಯನ್ನು ದಾಟದೆಯೇ ಆಚೆ ದಡದ ಮರದ ದೂರವನ್ನು ಅಳೆಯುವ ಲೆಕ್ಕವನ್ನು ಪ್ರೌಢಶಾಲೆಯ ಹುಡುಗರೆಲ್ಲ ಮಾಡಿರುತ್ತಾರೆ. ಸ್ಕ್ಯಾನರು ಮಾಡುವುದೂ ಅದನ್ನೇ. ಒಂದು ಕಡೆಯಿಂದ ಡೈಯ ಮೇಲೆ ಬೆಳಕಿನ ಪಟ್ಟೆಗಳನ್ನು ಬೀರುತ್ತದೆ. ಓರೆಯಾಗಿ ನಿಂತ ಕ್ಯಾಮೆರಾ ಅವನ್ನು ನೋಡುತ್ತದೆ. ಮೇಲ್ಮೈ ಉಬ್ಬಿದ್ದಲ್ಲಿ, ತಗ್ಗಿದ್ದಲ್ಲಿ ಪಟ್ಟೆಗಳು ಬಾಗುತ್ತವೆ. ಬಾಗಿನಿಂದ ಪ್ರತಿಯೊಂದು ಬಿಂದುವಿನ ಸ್ಥಾನವನ್ನು ಗಣಕವು ಗುಣಿಸಿ ತೆಗೆಯುತ್ತದೆ. ಹಿಂದೆ ಸ್ವೀಡನ್ನಿನ ಪ್ರೊಸೆರಾ ಪದ್ಧತಿಯಲ್ಲಿ ತುದಿಗೆ ನೀಲಮಣಿಯ ಗುಂಡಿದ್ದ ಸೂಜಿಯೊಂದು ಡೈಯನ್ನು ಮುಟ್ಟುತ್ತ ಸುತ್ತಿ ಬರುತ್ತಿತ್ತು. ಬೆಳಕಿಗೆ ಮುಟ್ಟುವ ಶ್ರಮವಿಲ್ಲ, ಆದರೆ ಒಂದು ನಿಬಂಧನೆಯಿದೆ: ಬಿಂದುವಿಗೆ ಬೆಳಕೂ ಬೀಳಬೇಕು, ಅದೇ ಬಿಂದು ಕ್ಯಾಮೆರಾಕ್ಕೂ ಕಾಣಬೇಕು. ಎರಡರಲ್ಲಿ ಒಂದು ತಪ್ಪಿದರೂ ತ್ರಿಕೋಣದ ಒಂದು ಬಾಹುವೇ ಇಲ್ಲದಂತಾಯಿತು.

ಅಂಚಿನಲ್ಲಿ ಈ ನಿಬಂಧನೆ ಮುರಿಯುವುದಕ್ಕೆ ಎಷ್ಟೊಂದು ದಾರಿಗಳಿವೆಯೆಂಬುದನ್ನು ಅಲ್ಲಿ ಕುಳಿತು ನೋಡಿದಾಗ ನಮಗೇ ಆಶ್ಚರ್ಯವಾಯಿತು. ಡೈಯನ್ನು ಮಾದರಿಯಿಂದ ಬಿಡಿಸದೆ ಇಟ್ಟರೆ ಪಕ್ಕದ ಹಲ್ಲಿನ ನೆರಳು ಅಂಚಿನ ಮೇಲೆ ಬೀಳುತ್ತದೆ. ಬಿಡಿಸಿ ಇಟ್ಟರೂ, ಅಂಚಿನ ಕೆಳಗೆ ಒಸಡಿನ ಆಕಾರದ ಜಿಪ್ಸಮ್ ಉಳಿದಿದ್ದರೆ ಅಂಚು ಹಳ್ಳದ ತಳದ ಗೆರೆಯಂತಾಗುತ್ತದೆ. ಆದುದರಿಂದಲೇ ಒಳ್ಳೆಯ ಕಸಬುದಾರನು ಭೂತಗನ್ನಡಿಯ ಕೆಳಗೆ ಡೈಯನ್ನು ಹಿಡಿದು, ಅಂಚಿಗೆ ತಾಗದಂತೆ ಅದರ ಕೆಳಭಾಗವನ್ನು ಕೊರೆದು ತೆಗೆಯುತ್ತಾನೆ; ಆಗ ಅಂಚು ಜಗುಲಿಯ ಅಂಚಿನಂತೆ ಎದ್ದು ನಿಲ್ಲುತ್ತದೆ. ಗುರುತಿಗೆಂದು ಸೀಸದ ಕಡ್ಡಿಯಿಂದ ಅಂಚಿನ ಮೇಲೆ ಗೆರೆಯೆಳೆಯುವ ಹಳೆಯ ರೂಢಿಯೂ ಇಲ್ಲಿ ಕೆಡುಕು. ಗ್ರಾಫೈಟು ಬೆಳಕನ್ನು ಹೀರುತ್ತದೆ, ಹೀರದುದನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಎಸೆಯುತ್ತದೆ. ಹೊಳಪಿಲ್ಲದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುವುದರಿಂದ ಕ್ಯಾಮೆರಾ ಎಲ್ಲಿದ್ದರೂ ಅದಕ್ಕೆ ಪಾಲು ಸಿಗುತ್ತದೆ. ಹೊಳಪನ್ನು ಮುಚ್ಚಲು ಬಿಳಿಯ ಪುಡಿ ಸಿಂಪಡಿಸಬಹುದು; ಆಗ ನಾವು ಅಳೆಯುವುದು ಡೈಯನ್ನಲ್ಲ, ಪುಡಿಯ ಪದರವನ್ನು.

ಇನ್ನೊಂದು ಲೆಕ್ಕವಿದೆ. ಕ್ಯಾಮೆರಾದ ನೋಟ 80 ಮಿಲಿಮೀಟರು ಅಗಲವಿದ್ದು, ಆ ಅಗಲದಲ್ಲಿ 2000 ಚಿತ್ರಬಿಂದುಗಳಿದ್ದರೆ ಒಂದೊಂದರ ಪಾಲಿಗೆ 40 ಮೈಕ್ರಾನ್ ಬರುತ್ತದೆ. ನಯವಾದ ಗೋಡೆಯ ಮೇಲೆ ನೆರೆಯ ಬಿಂದುಗಳ ಸರಾಸರಿಯಿಂದ ಇದಕ್ಕಿಂತ ಎಷ್ಟೋ ಸೂಕ್ಷ್ಮವಾದ ಫಲವನ್ನು ಪಡೆಯಬಹುದು, ನಿಜ. ಚೂಪಾದ ಅಂಚಿನ ಮೇಲೆ ಅದೇ ಸರಾಸರಿ ಶತ್ರುವಾಗುತ್ತದೆ. ಆಚೆಯದನ್ನೂ ಈಚೆಯದನ್ನೂ ಕೂಡಿಸಿ ಅಂಚನ್ನು ದುಂಡಾಗಿಸುತ್ತದೆ. ಜಾಹೀರಾತುಗಳಲ್ಲಿ ಇಷ್ಟು ಮೈಕ್ರಾನ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುವ ಸಂಖ್ಯೆಯನ್ನು ನಂಬುವ ಮೊದಲು ಇದನ್ನು ನೆನೆಯಬೇಕು. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 12836 ಇಂಥ ಯಂತ್ರಗಳನ್ನು ನಿಯತ ಆಕಾರದ ವಸ್ತುಗಳ ಮೇಲೆ ಪರೀಕ್ಷಿಸುವ ಕ್ರಮವನ್ನು ಹೇಳುತ್ತದೆ. ಅದು ಬೇಕಾದುದೇ. ಆದರೆ ಒದ್ದೆ ಬಾಯಿಯಿಂದ ಬಂದ ಅಚ್ಚಿನ, ಅವಸರದಲ್ಲಿ ಕೊರೆದ ಡೈಯ ವಿಷಯದಲ್ಲಿ ಆ ಸಂಖ್ಯೆ ಯಾವ ಭರವಸೆಯನ್ನೂ ಕೊಡದು. ಹತ್ತು ಸಲ ಸ್ಕ್ಯಾನ್ ಮಾಡಿದರೂ ಒಂದೇ ಫಲ ಬರುತ್ತದೆಯೆಂಬ ಸಮಾಧಾನವೂ ಸಾಲದು. ಶೂನ್ಯ ದೋಷವಿರುವ ಸ್ಕ್ರೂ ಗೇಜೂ ಹತ್ತು ಸಲ ಒಂದೇ ಅಳತೆಯನ್ನು ತೋರಿಸುತ್ತದೆ.

ನಾವು ಬರೆಯಹೊರಟ ಮುಖ್ಯ ವಿಷಯ ಈಗ ಬಂದಿತು. ತೆರೆಯ ಮೇಲೆ ಆ ಡೈಯ ಚಿತ್ರ ಹಾಲಿನಲ್ಲಿ ತೊಳೆದಂತಿತ್ತು; ಎಲ್ಲಿಯೂ ಒಂದು ಕುಂದಿಲ್ಲ. ಅದೇ ನಮಗೆ ಅನುಮಾನವನ್ನು ತಂದಿತು. ರಂಧ್ರಗಳನ್ನು ತುಂಬುವ ಏರ್ಪಾಡನ್ನು ನಿಲ್ಲಿಸಿ ಮೂಲ ಬಿಂದುಗಳನ್ನಷ್ಟೇ ತೋರಿಸೆಂದೆವು. ಅಂಚಿನ ಗೆರೆಯಲ್ಲಿ ಮೂರು ಕಡೆ ಏನೂ ಇರಲಿಲ್ಲ! ಬೆಳಕು ಅಲ್ಲಿಗೆ ಹೋಗಿಯೇ ಇಲ್ಲ. ಗಣಕವು ಎರಡು ದಡಗಳನ್ನು ನೋಡಿ, ನಡುವೆ ಹೀಗಿದ್ದೀತೆಂದು ನಯವಾದ ಸೇತುವೆಯನ್ನು ಕಟ್ಟಿತ್ತು. ಕ್ಯಾಪ್ ತಯಾರಾದುದು ಆ ಸೇತುವೆಯ ಅಳತೆಗೆ.

ಅಶ್ರಗದ ಪ್ರಯೋಗದಲ್ಲಿ ಕನಿಷ್ಠ ವಿಚಲನೆಯ ಸುತ್ತಲಿನ ಅಳತೆಗಳನ್ನು ತೆಗೆಯದೆ, ಎರಡು ಪಕ್ಕದ ಬಿಂದುಗಳನ್ನು ಅಂದವಾದ ವಕ್ರರೇಖೆಯಿಂದ ಸೇರಿಸಿ ದಾಖಲೆ ಪುಸ್ತಕ ತರುವ ವಿದ್ಯಾರ್ಥಿಗಳನ್ನು ನಾವು ಪ್ರತಿ ವರ್ಷವೂ ಕಾಣುತ್ತೇವೆ. ಬೇಕಾದ ಸಂಖ್ಯೆ ಇರುವುದು ಆ ತಳದಲ್ಲಿಯೇ, ತೆಗೆಯದಿದ್ದ ಅಳತೆಯೂ ಅಲ್ಲಿಯದೇ. ಆ ಹುಡುಗರಲ್ಲಿ ಯಾರನ್ನಾದರೂ ಗದರಿಸಬಹುದು. ಯಂತ್ರವನ್ನು ಗದರಿಸುವುದು ಹೇಗೆ?

ರಂಧ್ರ ತುಂಬುವುದೇ ಅಪರಾಧವೆಂದು ನಾವು ಹೇಳುವುದಿಲ್ಲ. ಗೋಡೆಯ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಕಿಂಡಿಯನ್ನು ತುಂಬಿದರೆ ಯಾವ ನಷ್ಟವೂ ಇಲ್ಲ. ಅಲ್ಲಿ ಸಿಮೆಂಟಿಗೆಂದೇ ಜಾಗ ಬಿಟ್ಟಿರುತ್ತಾರೆ. ಅಂಚಿನ ಮೇಲೆ ಮಾತ್ರ ಊಹೆಗೆ ಅಳತೆಯ ಬಣ್ಣ ಬಳಿಯಬಾರದು. ಯಂತ್ರವನ್ನು ತಯಾರಿಸುವವರು ತುಂಬಿದ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸುವುದನ್ನು ಬಳಸುವವನ ಇಷ್ಟಕ್ಕೆ ಬಿಡದೆ, ಯಂತ್ರದ ಸಹಜ ಸ್ಥಿತಿಯನ್ನಾಗಿಯೇ ಇಡಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಇದರಿಂದ ಕೆಲಸ ನಿಧಾನವಾಗುತ್ತದೆಂದು ನಮ್ಮ ಶಿಷ್ಯನು ವಾದಿಸಿದ. ದಿನಕ್ಕೆ ಇಷ್ಟು ಕ್ಯಾಪುಗಳೆಂದು ಲೆಕ್ಕ ಒಪ್ಪಿಸಬೇಕಾದವನ ಕಷ್ಟ ಸುಳ್ಳಲ್ಲ. ಆದರೂ ಹಿಂದಿರುಗಿ ಬಂದ ಕ್ಯಾಪುಗಳ ಡಬ್ಬಿ ಅಲ್ಲಿಯೇ ಮೇಜಿನ ಮೇಲಿತ್ತು. ಅವಕ್ಕೆ ತಗಲಿದ ವೇಳೆಯನ್ನು ಅವನು ಕೂಡಿಸಿರಲಿಲ್ಲ.

ಮೊದಲು ಅಳತೆಫಲಕದಿಂದ ಯಂತ್ರವನ್ನು ತಾಳೆ ನೋಡಿದೆವು. ಬೆಳಗಿನಿಂದ ಮಧ್ಯಾಹ್ನಕ್ಕೆ ಕೋಣೆಯ ಉಷ್ಣತೆ 5 ಡಿಗ್ರಿ ಏರಿದರೆ 100 ಮಿಲಿಮೀಟರಿನ ಅಲ್ಯುಮಿನಿಯಮ್ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆಯೆಂದು ಹೇಳಿದಾಗ ಅವನು ಕಿಟಕಿಯ ಬಿಸಿಲನ್ನು ನೋಡಿ ನಕ್ಕ. ಬಳಿಕ ಡೈಯನ್ನು ಬಿಡಿಸಿ, ಅಂಚಿನ ಕೆಳಭಾಗವನ್ನು ಮತ್ತೆ ಕೊರೆದು, ಸೀಸದ ಗೆರೆಯನ್ನು ಒರೆಸಿ, ಒಂಟಿಯಾಗಿ ಸ್ಕ್ಯಾನ್ ಮಾಡಿದ. ಎರಡು ರಂಧ್ರಗಳು ನಿಜವಾದ ಬಿಂದುಗಳಿಂದ ತುಂಬಿದವು. ಮೂರನೆಯದು ಉಳಿಯಿತು. ಭೂತಗನ್ನಡಿಯಲ್ಲಿ ನೋಡಿದರೆ ಡೈಯಲ್ಲಿಯೇ ಆ ಜಾಗದಲ್ಲಿ ಅಂಚಿರಲಿಲ್ಲ. ಅಚ್ಚು ತೆಗೆಯುವಾಗ ಒಸಡು ಅದನ್ನು ಮುಚ್ಚಿತ್ತು. ಅವನು ವೈದ್ಯರಿಗೆ ಫೋನು ಮಾಡಿ, ಸ್ವಲ್ಪ ಅಳುಕುತ್ತಲೇ, ಹೊಸ ಅಚ್ಚು ಬೇಕೆಂದು ಕೇಳಿದ. ರೋಗಿಯು ದೂರದ ಹಳ್ಳಿಯವರಂತೆ; ಮುಂದಿನ ವಾರ ಅವರು ಮತ್ತೊಮ್ಮೆ ಬಸ್ಸು ಹತ್ತಿ ಬಂದರು.