ಗಿರಾಕಿಯ ಟರ್ಕಿಶ್, ಅತಿಥಿಯ ಟರ್ಕಿಶ್

ಒಂದು ಸೆಮಿಸ್ಟರಿನ ಮಟ್ಟಿಗೆ ಓದಲೆಂದು ಟರ್ಕಿಗೆ ಬಂದಿಳಿಯುವ ವಿದೇಶಿ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಒಂದು ಹಾಳೆ ಕೊಡುತ್ತಾರೆ. ದಿನಬಳಕೆಯ ಟರ್ಕಿಶ್ ಅಂತ ಅದಕ್ಕೆ ತಲೆಬರಹ. ಅಂಕಾರಾದಲ್ಲಿ ನನಗೂ ಒಂದು ಸಿಕ್ಕಿತ್ತು. ಅದರಲ್ಲಿ ಇದ್ದದ್ದು ಇಷ್ಟು: 'ಮೆರ್ಹಬಾ' ಅಂದರೆ ನಮಸ್ಕಾರ. 'ನೆ ಕದರ್' ಅಂದರೆ ಎಷ್ಟು. 'ಹೆಸಾಪ್ ಲುತ್ಫೆನ್' ಅಂದರೆ ದಯವಿಟ್ಟು ಬಿಲ್ ಕೊಡಿ. 'ತುವಾಲೆತ್ ನೆರೆದೆ' ಅಂದರೆ ಶೌಚಾಲಯ ಎಲ್ಲಿ. ಕೊನೆಯಲ್ಲಿ, ನಿಮಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುವ ಒಂದು ವಾಕ್ಯ.

ಈ ಹಾಳೆಯನ್ನು ಒಂದು ಕ್ಷಣ ಗಮನವಿಟ್ಟು ಓದಿ ನೋಡಿ. ಈ ಮಾತುಗಳನ್ನು ಆಡುವ ಮನುಷ್ಯ ಎಂಥವನು? ಅವನಿಗೆ ಹಸಿವಾಗುತ್ತದೆ, ಜೇಬಿನಲ್ಲಿ ದುಡ್ಡಿದೆ, ಆಗಾಗ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಅಷ್ಟೇ. ಅವನಿಗೆ ಯಾರ ಕಷ್ಟಸುಖವೂ ಬೇಕಿಲ್ಲ. ಅವನು ಯಾರ ಮನೆಗೂ ಹೋಗುವುದಿಲ್ಲ, ಯಾರ ಅಡುಗೆಯನ್ನೂ ಹೊಗಳುವುದಿಲ್ಲ, ಯಾರ ಸಾವಿಗೂ ಮರುಗುವುದಿಲ್ಲ. ಇದು ಗಿರಾಕಿಯ ಭಾಷೆ. ವಿಶ್ವವಿದ್ಯಾಲಯವೊಂದು ತನ್ನ ಅತಿಥಿಯನ್ನು ಗಿರಾಕಿಯೆಂದು ಎಣಿಸಿ, ಗಿರಾಕಿಗೆ ಬೇಕಾದಷ್ಟೇ ಭಾಷೆಯನ್ನು ಅಳೆದು ಕೊಡುವುದು ಜಿಪುಣತನ. ಅದನ್ನು ಅನುಕೂಲ ಎಂದು ಕರೆಯುವುದು ಇನ್ನೂ ಕೆಟ್ಟದ್ದು.

ಸಾಮಾಜಿಕ ಜೀವನದ ಹೆಸರಿನಲ್ಲಿ ನಡೆಯುವುದೂ ಇದೇ ಜಾತಿಯದು. ಕಪಡೋಕಿಯಾಕ್ಕೆ ಬಸ್ ಪ್ರವಾಸ, ಇಸ್ತಾಂಬುಲಿನಲ್ಲಿ ಬಾಸ್ಫರಸ್ ಮೇಲೆ ದೋಣಿ ಪಾರ್ಟಿ, ಅವರವರ ದೇಶದ ತಿಂಡಿ ತಂದು ಹಂಚುವ ಒಂದು ಸಂಜೆ. ಇವುಗಳಲ್ಲಿ ತಪ್ಪೇನಿಲ್ಲ, ಮಜವಾಗಿಯೇ ಇರುತ್ತವೆ. ಆದರೆ ಅಲ್ಲಿ ಸೇರುವವರು ಯಾರು? ಬೇರೆ ಬೇರೆ ದೇಶಗಳಿಂದ ಬಂದ ವಿನಿಮಯ ವಿದ್ಯಾರ್ಥಿಗಳು, ಜೊತೆಗೆ ಅವರನ್ನು ನೋಡಿಕೊಳ್ಳಲು ನೇಮಕವಾದ, ಇಂಗ್ಲಿಷ್ ಚೆನ್ನಾಗಿ ಬರುವ ನಾಲ್ಕಾರು ಸ್ಥಳೀಯರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಿಗೂ ಪೋಲೆಂಡಿನ, ಸ್ಪೇನಿನ, ಇಟಲಿಯ ಗೆಳೆಯರು ಆಗಿರುತ್ತಾರೆ. ಸಿವಾಸಿನಿಂದ, ದಿಯಾರ್‌ಬಕಿರಿನಿಂದ, ಟ್ರಾಬ್ಜೋನಿನಿಂದ ಓದಲು ಬಂದು ಅದೇ ಹಾಸ್ಟೆಲಿನ ಕೆಳಮಹಡಿಯಲ್ಲಿರುವವರ ಹೆಸರು ಮಾತ್ರ ಗೊತ್ತಿರುವುದಿಲ್ಲ. ಇದಕ್ಕೆ ಟರ್ಕಿಗೇ ಬರಬೇಕಿತ್ತೇ?

'ಪಾಠವೇ ಇಂಗ್ಲಿಷಿನಲ್ಲಿ ನಡೆಯುತ್ತದಲ್ಲ' ಎಂಬ ಉತ್ತರ ತಕ್ಷಣ ಬರುತ್ತದೆ. ನಿಜ. 1956ರಲ್ಲಿ ಶುರುವಾದ ಅಂಕಾರಾದ ಮಧ್ಯಪ್ರಾಚ್ಯ ತಾಂತ್ರಿಕ ವಿಶ್ವವಿದ್ಯಾಲಯ, 1863ರ ರಾಬರ್ಟ್ ಕಾಲೇಜಿನ ಬೇರಿನಿಂದ ಬೆಳೆದ ಇಸ್ತಾಂಬುಲಿನ ಬೋವಾಜಿಚಿ ವಿಶ್ವವಿದ್ಯಾಲಯ, ಹೀಗೆ ಹೆಸರಾಂತ ಹಲವು ಕಡೆ ಬೋಧನೆ ಇಂಗ್ಲಿಷಿನಲ್ಲಿಯೇ. ಆದರೆ ಪಾಠ ಇಂಗ್ಲಿಷಿನಲ್ಲಿದ್ದರೆ ಬದುಕೂ ಇಂಗ್ಲಿಷಿನಲ್ಲಿರುತ್ತದೆಯೇ? ಉಪನ್ಯಾಸ ಮುಗಿದ ಮರುಕ್ಷಣ ತರಗತಿಯ ಭಾಷೆ ಬದಲಾಗುತ್ತದೆ. ಜಗಳ, ಜೋಕು, ಪ್ರೇಮ, ರಾಜಕೀಯ, ಮನೆಯಿಂದ ಬಂದ ಫೋನು ಎಲ್ಲವೂ ಟರ್ಕಿಶ್. ಅಲ್ಲಿ ವಿದೇಶಿ ವಿದ್ಯಾರ್ಥಿ ಮುಗುಳ್ನಗುತ್ತಾ ನಿಂತಿರುತ್ತಾನೆ. ಯಾರಾದರೂ ಕನಿಕರಪಟ್ಟು ಅನುವಾದಿಸಿ ಹೇಳುವ ಹೊತ್ತಿಗೆ ಜೋಕು ತಣ್ಣಗಾಗಿರುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬರೀ ಇಂಗ್ಲಿಷ್ ಇಟ್ಟುಕೊಂಡು ಹೋದವನಿಗೆ ಟರ್ಕಿ ಯಾರ ಬಾಯಿಂದ ಕೇಳಿಸುತ್ತದೆ? ಒಳ್ಳೆಯ ಶಾಲೆಗೆ ದುಡ್ಡು ತೆತ್ತ ಮನೆಗಳ ಮಕ್ಕಳ ಬಾಯಿಂದ. ಅವರು ಹೇಳುವುದು ಸುಳ್ಳೆಂದಲ್ಲ. ಆದರೆ ಹಾಸ್ಟೆಲಿನ ನೆಲ ಒರೆಸುವ ಹೆಂಗಸು, ಗೇಟಿನ ಕಾವಲುಗಾರ, ಸಿಮಿತ್ ಮಾರುವವನು, ಉಲುಸ್ ಮಾರುಕಟ್ಟೆಯ ತರಕಾರಿಯವನು, ಇವರೆಲ್ಲ ಆ ಚಿತ್ರದಿಂದ ಬಿದ್ದುಹೋಗುತ್ತಾರೆ. ಆರು ತಿಂಗಳು ಒಂದು ದೇಶದಲ್ಲಿದ್ದು, ಆ ದೇಶದ ಒಂದೇ ವರ್ಗದ ಮಾತು ಕೇಳಿ, ಊರಿಗೆ ಮರಳಿ 'ಟರ್ಕಿಯವರು ಹೀಗೆ' ಎಂದು ಷರಾ ಬರೆಯುವವರನ್ನು ನಾನು ಸಾಕಷ್ಟು ಕಂಡಿದ್ದೇನೆ.

ಹಾಗಾದರೆ ಆ ಹಾಳೆಯಲ್ಲಿ ಏನಿರಬೇಕಿತ್ತು? ನನ್ನ ಪ್ರಕಾರ ಮೊದಲ ಸಾಲಿನಲ್ಲಿ 'ಕೊಲಾಯ್ ಗೆಲ್ಸಿನ್' ಇರಬೇಕಿತ್ತು. ಸುಲಭವಾಗಿ ಬರಲಿ ಎಂದು ಅದರ ಅರ್ಥ. ಕೆಲಸ ಮಾಡುತ್ತಿರುವ ಯಾರ ಹತ್ತಿರ ಹೋದರೂ, ಗ್ರಂಥಾಲಯದ ಮೇಜಿನವರಾಗಲಿ ರಸ್ತೆ ಅಗೆಯುವವರಾಗಲಿ, ಮೊದಲು ಹೇಳುವ ಮಾತು ಇದು. ನೀನು ದುಡಿಯುತ್ತಿರುವುದನ್ನು ನಾನು ಕಂಡೆ ಎನ್ನುವುದು ಅದರ ಒಳಗಿನ ಮಾತು. ಇದರ ನಂತರ 'ಎಲಿನೆ ಸಾಲಿಕ್', ನಿನ್ನ ಕೈಗೆ ಆರೋಗ್ಯವಿರಲಿ. ಅಡುಗೆ ಮಾಡಿ ಬಡಿಸಿದವರಿಗೆ ಹೇಳುವುದು. ಕಾಯಿಲೆ ಬಿದ್ದವರಿಗೆ, ಪರೀಕ್ಷೆ ಕೆಟ್ಟವರಿಗೆ, ಯಾವುದೇ ತೊಂದರೆಗೆ ಸಿಕ್ಕವರಿಗೆ 'ಗೆಚ್‌ಮಿಶ್ ಓಲ್ಸುನ್', ಅದು ಕಳೆದುಹೋದದ್ದಾಗಲಿ. ಕ್ಷೌರ ಮಾಡಿಸಿಕೊಂಡು ಬಂದವರಿಗೂ ಸ್ನಾನ ಮಾಡಿ ಬಂದವರಿಗೂ ಒಂದು ಹಾರೈಕೆ ಇದೆ. ಹೊಸ ಬಟ್ಟೆ ತೊಟ್ಟವರಿಗೆ ನಗುನಗುತ್ತಾ ಬಳಸು ಎನ್ನುವುದಿದೆ. ಸೀನಿದವರಿಗೆ ಬಹುಕಾಲ ಬಾಳು ಎಂದರೆ, ಅದನ್ನು ನೀನೂ ಕಾಣುವಂತಾಗಲಿ ಎಂಬ ಉತ್ತರವಿದೆ. ಟರ್ಕಿಶ್ ಸಮಾಜ ನಡೆಯುವುದೇ ಈ ಹಾರೈಕೆಗಳ ಮೇಲೆ. ಇವು ಅಲಂಕಾರಕ್ಕಿರುವ ಮಾತುಗಳಲ್ಲ. ಇವುಗಳನ್ನು ಹೇಳದವನನ್ನು ಯಾರೂ ಬೈಯುವುದಿಲ್ಲ. ಆದರೆ ಹೇಳಿದವನಿಗೆ ಒಂದು ಕುರ್ಚಿ ಎಳೆದು ಹಾಕುತ್ತಾರೆ, ಟುಲಿಪ್ ಆಕಾರದ ಲೋಟದಲ್ಲಿ ಚಹಾ ಬರುತ್ತದೆ.

ಎರಡನೆಯ ಸಾಲಿನಲ್ಲಿ ಸಂಬಂಧದ ಪದಗಳು ಬರಬೇಕು. 'ಆಬಿ' ಅಂದರೆ ಅಣ್ಣ, 'ಆಬ್ಲಾ' ಅಂದರೆ ಅಕ್ಕ. ಅಂಗಡಿಯವನೂ ಆಬಿ, ಡ್ರೈವರನೂ ಆಬಿ. ವಯಸ್ಸಾದ ಹೆಂಗಸು 'ತೇಯ್ಜೆ', ಅಂದರೆ ತಾಯಿಯ ಅಕ್ಕತಂಗಿ. ವಯಸ್ಸಾದ ಗಂಡಸು 'ಆಮ್ಜಾ', ಅಂದರೆ ತಂದೆಯ ಅಣ್ಣತಮ್ಮ. ಅತ್ತೆಗೆ 'ಹಾಲಾ', ಸೋದರಮಾವನಿಗೆ 'ದಾಯಿ' ಎಂದು ಬೇರೆ ಬೇರೆ ಪದಗಳಿವೆ. ಎಲ್ಲರನ್ನೂ ಅಂಕಲ್ ಆಂಟಿ ಎಂದು ಒಂದೇ ಚೀಲಕ್ಕೆ ತುರುಕುವ ಇಂಗ್ಲಿಷಿನವನಿಗೆ ಇದು ಗೋಜಲು. ಚಿಕ್ಕಮ್ಮ ಬೇರೆ, ಅತ್ತೆ ಬೇರೆ ಎಂದು ಹುಟ್ಟಿನಿಂದ ಬಲ್ಲ ನಮಗೆ ಇದು ಮನೆಮಾತು. ಅಂಕಾರಾದ ಆ ತಾಂತ್ರಿಕ ವಿಶ್ವವಿದ್ಯಾಲಯದಲ್ಲಂತೂ ವಿದ್ಯಾರ್ಥಿಗಳು ಪ್ರಾಧ್ಯಾಪಕರಿಂದ ಹಿಡಿದು ಬಸ್ ಚಾಲಕರ ತನಕ, ಒಬ್ಬರನ್ನೊಬ್ಬರೂ ಕೂಡ, 'ಹೋಜಾಮ್' ಎಂದೇ ಕರೆಯುತ್ತಾರೆ. ನನ್ನ ಗುರುವೇ ಎಂದು ಅರ್ಥ. ಇದೊಂದು ಪದ ಗೊತ್ತಿದ್ದರೆ ಆ ಆವರಣದಲ್ಲಿ ಅರ್ಧ ಬಾಗಿಲು ತೆರೆದಂತೆ.

ಟರ್ಕಿಶ್ ಬಹಳ ಕಷ್ಟ, ಒಂದು ಸೆಮಿಸ್ಟರಿನಲ್ಲಿ ಏನು ಕಲಿಯಲಾದೀತು ಎನ್ನುವವರು ಯುರೋಪಿನ ಭಾಷೆಗಳ ಕಡೆಯಿಂದ ನೋಡುತ್ತಿದ್ದಾರೆ. ನಮ್ಮ ಕಡೆಯಿಂದ ನೋಡಿ. ಕ್ರಿಯಾಪದ ವಾಕ್ಯದ ಕೊನೆಗೆ. ವಿಭಕ್ತಿ ಪದದ ಬಾಲಕ್ಕೆ. 'ಎವ್' ಅಂದರೆ ಮನೆ, 'ಎವ್‌ದೆ' ಮನೆಯಲ್ಲಿ, 'ಎವ್‌ದೆನ್' ಮನೆಯಿಂದ, 'ಎವೆ' ಮನೆಗೆ. 'ವಾರ್' ಅಂದರೆ ಇದೆ, 'ಯೋಕ್' ಅಂದರೆ ಇಲ್ಲ. ನಾವು 'ಇದೆ'ಗೆ 'ಆ' ಅಂಟಿಸಿ 'ಇದೆಯಾ' ಎನ್ನುವಂತೆ ಅವರು 'ವಾರ್ ಮಿ' ಎನ್ನುತ್ತಾರೆ. ನಾವು ಪುಸ್ತಕ ಗಿಸ್ತಕ ಎಂದರೆ ಅವರು 'ಕಿತಾಪ್ ಮಿತಾಪ್' ಎನ್ನುತ್ತಾರೆ. ಎಲ್ಲಕ್ಕಿಂತ ಸೊಗಸಾದದ್ದು 'ಮಿಶ್' ಎಂಬ ಪ್ರತ್ಯಯ. ಕಣ್ಣಾರೆ ಕಂಡದ್ದಾದರೆ 'ಗೆಲ್ದಿ', ಬಂದ. ಕೇಳಿ ತಿಳಿದದ್ದಾದರೆ 'ಗೆಲ್ಮಿಶ್', ಬಂದನಂತೆ. ನಮ್ಮ 'ಅಂತೆ' ಮಾಡುವ ಕೆಲಸವನ್ನು ಅಲ್ಲಿ 'ಮಿಶ್' ಮಾಡುತ್ತದೆ. ನಮ್ಮ ಅಜ್ಜಿಯರ ಕತೆಯಲ್ಲಿ ಒಬ್ಬ ರಾಜ ಇದ್ದನಂತೆ. ಅವರ ಅಜ್ಜಿಯರ ಕತೆಯೂ ಇತ್ತಂತೆ, ಇರಲಿಲ್ಲವಂತೆ ಎಂದೇ ಶುರುವಾಗುತ್ತದೆ. ಹಾಗೆಂದು ಎರಡು ಭಾಷೆಗಳಿಗೆ ರಕ್ತಸಂಬಂಧ ಕಟ್ಟಿ ಹೆಮ್ಮೆಪಡಬೇಕಿಲ್ಲ. ಅವುಗಳ ಕುಲ ಬೇರೆ, ನಡಿಗೆ ಮಾತ್ರ ಹತ್ತಿರ. ಪರ್ಷಿಯನ್, ಅರಬ್ಬಿಯಿಂದ ಇಬ್ಬರೂ ಎರವಲು ಪಡೆದ ಪದಗಳು ಬೇರೆ ಇವೆ: ಹೆಸಾಪ್ ನಮ್ಮ ಹಿಸಾಬು, ಜೆವಾಪ್ ನಮ್ಮ ಜವಾಬು, ಪೆರ್ದೆ ನಮ್ಮ ಪರದೆ, ಸಬುನ್ ನಮ್ಮ ಸಾಬೂನು. 1928ರಲ್ಲಿ ಲಿಪಿ ಬದಲಾದ ಮೇಲೆ ಅಕ್ಷರಗಳು ಇಪ್ಪತ್ತೊಂಬತ್ತೇ, ಬರೆದಂತೆಯೇ ಓದುವುದು. ಕನ್ನಡ ಬಲ್ಲವರು ಟರ್ಕಿಶ್ ಕಷ್ಟ ಎಂದರೆ ನಾನಂತೂ ನಂಬುವುದಿಲ್ಲ.

'ಫೋನಿನಲ್ಲಿ ಅನುವಾದಕ ಇದೆಯಲ್ಲ' ಎಂಬುದು ಈಚಿನ ತಕರಾರು. ಇದೆ. ಬಾಡಿಗೆ ಕರಾರು ಓದಲು, ಔಷಧಿಯ ಪೊಟ್ಟಣ ನೋಡಲು ಅದು ಬೇಕು. ಆದರೆ ದೊಲ್‌ಮುಶ್ ಹತ್ತಿ ನೋಡಿ. ಆ ಹೆಸರಿನ ಅರ್ಥವೇ ತುಂಬಿದ್ದು ಎಂದು. ಹಿಂದೆ ಕೂತವರು ಕೊಟ್ಟ ದುಡ್ಡು ಕೈಯಿಂದ ಕೈಗೆ ಮುಂದೆ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಇಳಿಯಬೇಕಾದಾಗ 'ಇನೆಜೆಕ್ ವಾರ್' ಎಂದು ಕೂಗಬೇಕು, ಇಳಿಯುವವರಿದ್ದಾರೆ ಎಂದು. ಫೋನು ತೆಗೆದು, ಬೆರಳಾಡಿಸಿ, ಅದು ಉಸುರುವ ಹೊತ್ತಿಗೆ ನಿಮ್ಮ ನಿಲ್ದಾಣ ಎರಡು ತಿರುವು ಹಿಂದೆ ಉಳಿದಿರುತ್ತದೆ. ಹಾರೈಕೆಯೂ ಹಾಗೆಯೇ. ಹೊತ್ತು ತಪ್ಪಿದರೆ ಅದು ಹಾರೈಕೆಯಲ್ಲ, ಪ್ರಕಟಣೆ.

ಇನ್ನೊಂದು ಆಕ್ಷೇಪ ಇದೆ, ಅದು ಮಾತ್ರ ಗಂಭೀರವಾದದ್ದು. ಟರ್ಕಿಶ್ ಕಲಿಯಿರಿ ಎನ್ನುವ ಒತ್ತಾಯಕ್ಕೆ ಆ ದೇಶದಲ್ಲಿ ಒಳ್ಳೆಯ ಚರಿತ್ರೆಯಿಲ್ಲ. 1928ರಲ್ಲಿ 'ಪ್ರಜೆಯೇ, ಟರ್ಕಿಶ್ ಮಾತಾಡು' ಎಂಬ ಅಭಿಯಾನ ಶುರುವಾಗಿ ಅಲ್ಪಸಂಖ್ಯಾತರ ಬಾಯಿ ಕಟ್ಟಿತು. 1983ರ ಕಾನೂನೊಂದು ಕುರ್ದಿಶ್ ಭಾಷೆಯ ಬಳಕೆಯನ್ನು ಅದುಮಿತು, ಅದು ರದ್ದಾಗಲು 1991ರ ತನಕ ಕಾಯಬೇಕಾಯಿತು. ಹೀಗಿರುವಾಗ ಅತಿಥಿಗೂ ಟರ್ಕಿಶ್ ಕಡ್ಡಾಯ ಮಾಡುವುದು ಅದೇ ದಬ್ಬಾಳಿಕೆಯ ಮುಂದುವರಿಕೆಯಲ್ಲವೇ? ಅಲ್ಲ. ಪ್ರಜೆಯ ಬಾಯಿಂದ ಅವನ ತಾಯ್ನುಡಿಯನ್ನು ಕಿತ್ತುಕೊಳ್ಳುವುದು ಒಂದು, ಅತಿಥಿಯ ಬಾಯಿಗೆ ಇನ್ನೊಂದು ಭಾಷೆಯನ್ನು ಸೇರಿಸುವುದು ಮತ್ತೊಂದು. ಅಷ್ಟೇ ಅಲ್ಲ, ತನ್ನ ಅಜ್ಜಿಗೆ ಟರ್ಕಿಶ್ ಬರುವುದಿಲ್ಲ, ಕುರ್ದಿಶ್ ಮಾತ್ರ ಬರುತ್ತದೆ ಎಂದು ನನಗೆ ಪಕ್ಕದ ಕೋಣೆಯವನು ಹೇಳಿದ್ದು ಟರ್ಕಿಶಿನಲ್ಲೇ. ಇಂಗ್ಲಿಷಿನಲ್ಲಿ ಅವನು ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದ. ಆ ದೇಶದ ಗಾಯಗಳನ್ನು ತಿಳಿಯುವುದಕ್ಕೂ ಆ ಭಾಷೆಯೇ ಬೇಕು.

ಬೆಂಗಳೂರಿನಲ್ಲಿ ಇದ್ದವರಿಗೆ ಇದನ್ನೆಲ್ಲ ವಿವರಿಸಿ ಹೇಳಬೇಕಾಗಿಲ್ಲ. 'ಕನ್ನಡ ಗೊತ್ತಿಲ್ಲ' ಎಂಬ ಎರಡೇ ಪದ ಕಲಿತು ಹತ್ತು ವರ್ಷ ಸಂಸಾರ ಮಾಡುವವರನ್ನು ಕಂಡು ನಾವು ಕೊರಗುತ್ತೇವೆ. ಆದರೆ ನಮ್ಮ ಮಕ್ಕಳು ಹೊರದೇಶಕ್ಕೆ ಓದಲು ಹೊರಟಾಗ ಕೇಳುವ ಮೊದಲ ಪ್ರಶ್ನೆ 'ಅಲ್ಲಿ ಇಂಗ್ಲಿಷ್ ನಡೆಯುತ್ತದೆ ತಾನೇ?' ಎಂಬುದು. ಇಲ್ಲಿ ಬೇಡುವ ಮರ್ಯಾದೆಯನ್ನು ಅಲ್ಲಿ ಕೊಡುವುದಕ್ಕೆ ನಾವೂ ಸಿದ್ಧರಿರಬೇಕು.

ಟರ್ಕಿಯವರಿಗೆ ಇದು ಗೊತ್ತಿಲ್ಲವೆಂದಲ್ಲ. ಅಂಕಾರಾ ವಿಶ್ವವಿದ್ಯಾಲಯದ ಭಾಷಾ ಕೇಂದ್ರ 'ತೋಮೆರ್' 1984ರಿಂದ ವಿದೇಶಿಯರಿಗೆ ಟರ್ಕಿಶ್ ಕಲಿಸುತ್ತಿದೆ. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪದವಿಗೆ ಬರುವವರಿಗೆ ಮೊದಲು ಒಂದು ವರ್ಷ ಭಾಷೆ ಕಲಿಸುತ್ತಾರೆ, ಪಾಠ ಇಂಗ್ಲಿಷಿನಲ್ಲಿದ್ದರೂ ಕೂಡ. ಪದವಿಯವರಿಗೆ ಒಂದು ವರ್ಷ, ವಿನಿಮಯದವರಿಗೆ ಒಂದು ಹಾಳೆ! ಎರಡರ ನಡುವೆ ಏನೂ ಇಲ್ಲವೇ? ಎರಾಸ್ಮಸ್ ಯೋಜನೆ 1987ರಲ್ಲಿ ಹುಟ್ಟಿತು, ಟರ್ಕಿ ಅದರೊಳಗೆ ಬಂದದ್ದು 2004ರಲ್ಲಿ. ಯುರೋಪಿನ ಆಚೆಯ ದೇಶಗಳಿಗೆ ಮೆವ್ಲಾನಾ ಹೆಸರಿನ ವಿನಿಮಯ ಕಾರ್ಯಕ್ರಮವೂ ಬಂತು. ಇವೆಲ್ಲ ಸಾರ್ವಜನಿಕರ ದುಡ್ಡಿನಿಂದ ನಡೆಯುವುದು, ಜನ ಜನರನ್ನು ಅರಿಯಲಿ ಎಂಬ ಹೆಸರಿನಲ್ಲಿ. ಸೆಮಿಸ್ಟರ್ ಶುರುವಾಗುವ ಮೊದಲು ಮೂರು ವಾರ ಭಾಷೆಗೆ ಮೀಸಲಿಡಲಿ. ಸೆಮಿಸ್ಟರಿನ ಮೂವತ್ತು ಕ್ರೆಡಿಟ್‌ಗಳಲ್ಲಿ ಐದಾರನ್ನು ಟರ್ಕಿಶ್‌ಗೆ ಕೊಡಲಿ, ಕಳಿಸಿದ ವಿಶ್ವವಿದ್ಯಾಲಯ ಅದನ್ನು ತಕರಾರಿಲ್ಲದೆ ಒಪ್ಪಿಕೊಳ್ಳಲಿ. ವಿದೇಶಿಯರಿಗೆಂದು ಪ್ರತ್ಯೇಕ ಮಹಡಿ ಮಾಡುವುದನ್ನು ನಿಲ್ಲಿಸಿ ಕೋಣೆಗಳನ್ನು ಬೆರೆಸಲಿ. ದೋಣಿ ಪಾರ್ಟಿಗೆ ಹೋಗುವವರು ಹೋಗಲಿ, ಆದರೆ ಅದನ್ನೇ ಸಾಮಾಜಿಕ ಜೀವನ ಎಂದು ಕರೆಯುವುದು ಬೇಡ.

2023ರ ಫೆಬ್ರವರಿ 6ರ ಭೂಕಂಪದಲ್ಲಿ ಟರ್ಕಿಯೊಂದರಲ್ಲೇ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಶ್ವವಿದ್ಯಾಲಯಗಳ ಪಾಠ ಆನ್‌ಲೈನಿಗೆ ಹೋಯಿತು, ಸರ್ಕಾರಿ ಹಾಸ್ಟೆಲುಗಳು ಮನೆ ಕಳೆದುಕೊಂಡವರಿಗೆ ತೆರವಾದವು. ಸಾವಿನ ಮನೆಯಲ್ಲಿ ಆಡುವ ಒಂದು ಮಾತು ಟರ್ಕಿಶಿನಲ್ಲಿದೆ: 'ಬಾಶಿನಿಜ಼್ ಸಾ ಓಲ್ಸುನ್'. ನಿಮ್ಮ ತಲೆ ಗಟ್ಟಿಯಾಗಿರಲಿ ಎಂದು. ದುಃಖ ಎಲ್ಲರದಾದಾಗ ಒಂದು ಪ್ರತ್ಯಯ ಬದಲಾಗುತ್ತದೆ: 'ಬಾಶಿಮಿಜ಼್', ನಮ್ಮ ತಲೆ. ಆ ದಿನಗಳಲ್ಲಿ ದೇಶವೆಲ್ಲ ಆಡಿದ್ದು ಈ ಎರಡನೆಯ ಮಾತನ್ನು. ನಿಮ್ಮ ಎನ್ನುವುದರಿಂದ ನಮ್ಮ ಎನ್ನುವುದಕ್ಕೆ ಇರುವ ದೂರ ಒಂದೇ ಅಕ್ಷರ, 'ನ'ದಿಂದ 'ಮ'ಕ್ಕೆ. ಆ ಅಕ್ಷರವನ್ನು ದಾಟಿಸಲಾಗದ ವಿನಿಮಯ ಕಾರ್ಯಕ್ರಮ ವಿದ್ಯಾರ್ಥಿಗಳನ್ನು ವಿಮಾನದಲ್ಲಿ ಅತ್ತಿಂದಿತ್ತ ಸಾಗಿಸಿದೆ, ಅಷ್ಟೆ. ವಿನಿಮಯ ಇನ್ನೂ ನಡೆದಿಲ್ಲ.